ಫೋನ್ ಬಿಟ್ಟು ಹೋಗುವವರು ಈಗ ಇಲ್ಲ

ತಿಪಟೂರಿನಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ. 2004ರಲ್ಲಿ ಶುರು ಮಾಡಿದಾಗ ಜನ ಸಿಮ್ ತೆಗೆದು ಜೇಬಿಗೆ ಹಾಕಿಕೊಂಡು, ಫೋನನ್ನು ನನ್ನ ಟೇಬಲ್ ಮೇಲಿಟ್ಟು, "ಸಂತೆಗೆ ಬಂದಾಗ ಇಸ್ಕೋತೀನಿ" ಅಂತ ಹೊರಟುಬಿಡುತ್ತಿದ್ದರು. ಕೆಲವರು ವಾರಗಟ್ಟಲೆ ತಿರುಗಿ ನೋಡುತ್ತಿರಲಿಲ್ಲ. ಈಗ "ಒಂದು ಗಂಟೆ ಬಿಟ್ಟು ಹೋಗಿ" ಅಂದರೂ ಮುಖ ಬಾಡುತ್ತದೆ. ನಾನು ಕೆಲಸ ಮಾಡುವ ರೀತಿ ಬದಲಾಗಿದ್ದೇ ಇದರಿಂದ.

ಆಗ ಬರುತ್ತಿದ್ದವುಗಳಲ್ಲಿ ನೋಕಿಯಾ 1100 ಜಾಸ್ತಿ. ನೆತ್ತಿಯ ಮೇಲೆ ಟಾರ್ಚ್, ಧೂಳು ಒಳಗೆ ಹೋಗದ ಹಾಗೆ ಒಂದೇ ತುಂಡಿನ ರಬ್ಬರ್ ಕೀಪ್ಯಾಡ್. ಕಾಯಿ ಸುಲಿಯುವವರಿಗೆ, ನಾರಿನ ಫ್ಯಾಕ್ಟರಿಯಲ್ಲಿ ದುಡಿಯುವವರಿಗೆ ಹೇಳಿ ಮಾಡಿಸಿದ ಹಾಗಿತ್ತು. ಹಿಂದಿನ ಕವರ್ ಹೆಬ್ಬೆರಳಲ್ಲಿ ಜಾರಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. ನೆನೆದು ಬಂದರೆ ಬಿಚ್ಚಿ, ಥಿನ್ನರ್ ಅದ್ದಿದ ಬ್ರಷ್‌ನಲ್ಲಿ ಬೋರ್ಡ್ ಉಜ್ಜಿ, ಒಣಗಿಸಿ ಜೋಡಿಸಿದರೆ ಮುಕ್ಕಾಲುಪಾಲು ಜೀವ ಬರುತ್ತಿತ್ತು.

2007ರ ಆಗಸ್ಟ್‌ನಲ್ಲಿ ಮಾತ್ರ ಒಂದು ಗಲಾಟೆ. ಈ ಫೋನಿಗೆ ಹಾಕುವ ಬಿಎಲ್-5ಸಿ ಬ್ಯಾಟರಿಗಳಲ್ಲಿ ಜಪಾನಿನ ಮತ್ಸುಶಿತ ಕಂಪನಿ ಮಾಡಿದ 4 ಕೋಟಿ 60 ಲಕ್ಷದಷ್ಟು ಚಾರ್ಜಿಗೆ ಹಾಕಿದಾಗ ಬಿಸಿಯಾಗಬಹುದು ಅಂತ ನೋಕಿಯಾ ಎಚ್ಚರಿಕೆ ಕೊಟ್ಟಿತು. ಸುದ್ದಿ ಊರಿಗೆ ಬರುವಷ್ಟರಲ್ಲಿ ಅದು ಬಾಂಬ್ ಆಗಿತ್ತು. ಫೋನ್ ಒಂದು ಕಡೆ, ಬ್ಯಾಟರಿ ಇನ್ನೊಂದು ಕಡೆ ಹಿಡಿದುಕೊಂಡು ಜನ ಬಂದರು. ಬ್ಯಾಟರಿಯ ಮೇಲಿನ ನಂಬರ್ ಓದಿ ಹೇಳುವುದೇ ಕೆಲಸವಾಯಿತು.

ಬಳಸುವ ರೀತಿಯೂ ಬೇರೆ. 2003ರ ಮೇ ತಿಂಗಳಿಂದ ಇನ್‌ಕಮಿಂಗ್ ಫ್ರೀ ಆಗಿತ್ತು, ಹೊರಗೆ ಮಾಡುವ ಕಾಲಿಗೆ ಮಾತ್ರ ದುಡ್ಡು. ಹಾಗಾಗಿ ಮಿಸ್ಡ್ ಕಾಲ್‌ಗೇ ಒಂದು ಲೆಕ್ಕ. ಒಂದು ರಿಂಗ್ ಅಂದರೆ ಬಸ್ ಇಳಿದೆ, ಎರಡು ಅಂದರೆ ನೀನೇ ಮಾಡು. ಹತ್ತು ರೂಪಾಯಿ ಹಾಕಿಸಿದರೆ ಏಳೂ ಚಿಲ್ಲರೆ ಟಾಕ್‌ಟೈಮ್, ಅದನ್ನೇ ವಾರ ಎಳೆಯುತ್ತಿದ್ದರು. ಯುಗಾದಿ, ದೀಪಾವಳಿ ದಿನ ಎಸ್ಸೆಮ್ಮೆಸ್ ಪ್ಯಾಕ್ ನಡೆಯುವುದಿಲ್ಲ ಅಂತ ಹಿಂದಿನ ರಾತ್ರಿಯೇ ಶುಭಾಶಯ ಕಳಿಸಿ ಮುಗಿಸುತ್ತಿದ್ದರು. ಆಮೇಲೆ ಮೆಮೊರಿ ಕಾರ್ಡಿಗೆ ಹಾಡು ತುಂಬಿಸುವ ಕಾಲ. ಅಣ್ಣಾವ್ರ ಹಾಡು ಒಂದು ಫೋಲ್ಡರ್, ಜನಪದ ಒಂದು, ಭಜನೆ ಒಂದು. ನಿಜ ಹೇಳಬೇಕಂದ್ರೆ ಕೆಲವು ವರ್ಷ ಅಂಗಡಿ ಬಾಡಿಗೆ ಕಟ್ಟಿದ್ದು ರಿಪೇರಿಯಲ್ಲ, ಈ ಹಾಡುಗಳು.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಹಾಡು ತುಂಬಿಸುವುದು ನಿಂತಿತು. ನವೆಂಬರ್‌ನಲ್ಲಿ ನೋಟು ರದ್ದಾಯಿತು, ನಿಧಾನಕ್ಕೆ ಅಂಗಡಿಗಳ ಮುಂದೆ ಕ್ಯೂಆರ್ ಸ್ಟಿಕ್ಕರ್ ಬಂದವು. 2018ರ ಕೊನೆಗೆ ತಿಂಗಳಿಗೆ ಇಂತಿಷ್ಟು ರೀಚಾರ್ಜ್ ಇಲ್ಲದಿದ್ದರೆ ಇನ್‌ಕಮಿಂಗೂ ಬಂದ್ ಅಂದರು. ಸುಮ್ನೆ ಕಾಲ್ ಬಂದರೆ ಸಾಕು ಅಂತ ಫೋನ್ ಇಟ್ಟುಕೊಂಡಿದ್ದ ಅಜ್ಜಿಯರಿಗೆ ಇದು ದೊಡ್ಡ ಪೆಟ್ಟು. ಅವರು ರೀಚಾರ್ಜ್ ಬಿಟ್ಟರು, ನಂಬರ್ ಹೋಯಿತು. ಆಮೇಲೆ ನೋಡಿದರೆ ಬ್ಯಾಂಕಿಗೂ ಆಧಾರಿಗೂ ಅದೇ ನಂಬರ್! ಬಂದಾದ ನಂಬರನ್ನು 90 ದಿನ ಆದಮೇಲೆ ಬೇರೆಯವರಿಗೆ ಕೊಡಬಹುದು. ಅದಕ್ಕೇ ನಾನು ವಯಸ್ಸಾದವರ ರೀಚಾರ್ಜ್ ಮುಗಿಯುವ ತಾರೀಕನ್ನು ಅಂಗಡಿಯ ಕ್ಯಾಲೆಂಡರ್ ಮೇಲೆ ಬರೆದಿಡುತ್ತೇನೆ. ದಿನ ಹತ್ತಿರ ಬಂದಾಗ ಅವರ ಮೊಮ್ಮಕ್ಕಳಿಗೆ ನಾನೇ ಫೋನ್ ಮಾಡುತ್ತೇನೆ.

ಈಗ ಫೋನ್ ಕೆಟ್ಟರೆ ಮಾತು ಮಾತ್ರ ನಿಲ್ಲುವುದಿಲ್ಲ. ಟೀ ಕುಡಿಯುವ ದುಡ್ಡು ಅದರಲ್ಲೇ, ಬೆಳೆ ಸಮೀಕ್ಷೆ ಆ್ಯಪ್ ಅದರಲ್ಲೇ, ಕೊಬ್ಬರಿ ರೇಟು ಬರುವ ವಾಟ್ಸಾಪ್ ಗ್ರೂಪೂ ಅದರಲ್ಲೇ. ಡಿಸ್‌ಪ್ಲೇ ಒಡೆದುಕೊಂಡು ಬಂದವರ ಹತ್ತಿರ ಎಷ್ಟೋ ಸಲ ನನಗೆ ಕೊಡಲೂ ನಗದು ಇರುವುದಿಲ್ಲ. ಮೊದಲು ರಿಪೇರಿ, ಆಮೇಲೆ ಅದೇ ಫೋನಿನಲ್ಲಿ ಸ್ಕ್ಯಾನ್ ಮಾಡಿ ದುಡ್ಡು. ನಾನೂ ಒಪ್ಪಿಕೊಂಡಿದ್ದೇನೆ, ಬೇರೆ ದಾರಿ ಏನಿದೆ?

ಅದಕ್ಕೆ ಟೇಬಲನ್ನು ಒಳಗಿನಿಂದ ಮುಂದಕ್ಕೆ ತಂದು, ಎದುರಿಗೆ ಎರಡು ಸ್ಟೂಲ್ ಹಾಕಿದೆ. ಗಿರಾಕಿ ಕೂತು ನೋಡುತ್ತಿರುವಾಗಲೇ ಬಿಚ್ಚುತ್ತೇನೆ. ಚಾರ್ಜ್ ಆಗ್ತಿಲ್ಲ ಅಂತ ಬಂದರೆ ಮೊದಲು ಚಾರ್ಜಿಂಗ್ ಪಿನ್ ಇರುವ ತೂತಿಗೆ ಲೈಟ್ ಬಿಡುತ್ತೇನೆ. ನಮ್ಮ ಊರಲ್ಲಿ ಅಲ್ಲಿ ಸಿಗುವುದು ನಾರಿನ ಪುಡಿ ಮತ್ತು ಜೇಬಿನ ಹತ್ತಿ. ಕೇಬಲ್ ಸಿಕ್ಕಿಸಿ ಸಿಕ್ಕಿಸಿ ಅದು ಒಳಗೆ ಗಟ್ಟಿಯಾಗಿ ಬಿಲ್ಲೆಯಂತೆ ಕೂತಿರುತ್ತದೆ. ಫೋನ್ ಆಫ್ ಮಾಡಿ, ಮರದ ಹಲ್ಲುಕಡ್ಡಿಯ ತುದಿಯನ್ನು ಸಣ್ಣಗೆ ಕೆತ್ತಿ ನಿಧಾನಕ್ಕೆ ಎಬ್ಬಿಸಬೇಕು. ಸೂಜಿ, ಸೇಫ್ಟಿ ಪಿನ್ ಹಾಕಿದರೆ ಒಳಗಿನ ಕಾಂಟ್ಯಾಕ್ಟ್ ಬಾಗುತ್ತದೆ. ಇದಕ್ಕೆ ನಾನು ಕಾಸು ತೆಗೆದುಕೊಳ್ಳುವುದಿಲ್ಲ. ಹೊಸ ಪಿನ್ ಹಾಕಿದೆ ಅಂತ ಹೇಳಿ ಬಿಲ್ ಮಾಡುವವರೂ ಇದ್ದಾರೆ ಬಿಡಿ.

ನೀರಿಗೆ ಬಿದ್ದ ಫೋನನ್ನು ಅಕ್ಕಿ ಡಬ್ಬದಲ್ಲಿ ಹೂತಿಟ್ಟು, ಎರಡು ದಿನ ಬಿಟ್ಟು ತರುತ್ತಾರೆ. ಅಕ್ಕಿ ಒಳಗಿನ ನೀರನ್ನು ಎಳೆದುಕೊಳ್ಳುವುದಿಲ್ಲ, ಅಷ್ಟರಲ್ಲಿ ಬೋರ್ಡಿಗೆ ಕಿಲುಬು ಹತ್ತಿರುತ್ತದೆ. ಆಫ್ ಮಾಡಿ, ಚಾರ್ಜಿಗೆ ಹಾಕದೆ, ಆವತ್ತೇ ತನ್ನಿ. ಬ್ಯಾಟರಿ ಊದಿದ್ದರೆ ಒತ್ತಿ ಕವರ್ ಕೂರಿಸಿಕೊಡಿ ಅಂತಾರೆ, ಅದು ಮಾತ್ರ ಆಗದ ಮಾತು. ಈಗಿನ ಬ್ಯಾಟರಿ ಅಂಟಿನಲ್ಲಿ ಕೂತಿರುತ್ತದೆ. ಬಿಸಿ ಮಾಡಿ, ಪ್ಲಾಸ್ಟಿಕ್ ಪಟ್ಟಿ ತೂರಿಸಿ, ಚುಚ್ಚದೆ ತೆಗೆಯಬೇಕು. ಪಕ್ಕದಲ್ಲಿ ಯಾವಾಗಲೂ ಒಂದು ಬಕೆಟ್ ಮರಳು ಇಟ್ಟಿರುತ್ತೇನೆ.

ಇನ್ನೊಂದು ಮುಖ್ಯ ಬದಲಾವಣೆ, ನಾನು ಲಾಕ್ ನಂಬರ್ ಕೇಳುವುದಿಲ್ಲ. ಡಿಸ್‌ಪ್ಲೇ ಹಾಕಿದ ಮೇಲೆ "ತಗೊಳ್ಳಿ ಅಕ್ಕ, ನೀವೇ ಲಾಕ್ ತೆಗೆದು ಮೂಲೆಮೂಲೆ ಒತ್ತಿ ನೋಡಿ" ಅಂತ ಕೊಡುತ್ತೇನೆ. ಫೋನ್ ಲಾಕ್ ಇದ್ದಾಗಲೂ ಕ್ಯಾಮೆರಾ ತೆರೆಯುತ್ತದೆ, ಅಷ್ಟು ನನಗೆ ಸಾಕು. ಫೋನ್ ಬಿಡಲೇಬೇಕಾಗಿ ಬಂದರೆ, ಹೊಸ ಸ್ಯಾಮ್‌ಸಂಗ್ ಫೋನುಗಳಲ್ಲಿ ಮೇಂಟೆನೆನ್ಸ್ ಮೋಡ್ ಇದೆ, ಗೂಗಲ್ ಪಿಕ್ಸೆಲ್‌ನಲ್ಲಿ ರಿಪೇರಿ ಮೋಡ್ ಇದೆ. ಆನ್ ಮಾಡಿದರೆ ಫೋಟೊ, ಮೆಸೇಜ್ ಏನೂ ನನಗೆ ಕಾಣುವುದಿಲ್ಲ. ಇದನ್ನು ತೋರಿಸಿಕೊಟ್ಟ ಮೇಲೆ ಹೆಣ್ಣುಮಕ್ಕಳು ಅಣ್ಣನನ್ನೋ ಗಂಡನನ್ನೋ ಜೊತೆಗೆ ಕರೆದುಕೊಂಡು ಬರುವುದು ಕಮ್ಮಿಯಾಗಿದೆ.

ಬೋರ್ಡ್ ಕೆಲಸಕ್ಕೆ ದಿನಗಟ್ಟಲೆ ಬೇಕಾದಾಗ ಒಂದು ಹಳೆಯ ಕೀಪ್ಯಾಡ್ ಫೋನ್ ಕೊಟ್ಟು ಕಳಿಸುತ್ತೇನೆ. ಈಗಿನ ಚಿಕ್ಕ ನ್ಯಾನೋ ಸಿಮ್ ಅದಕ್ಕೆ ಹಿಡಿಯುವುದಿಲ್ಲ, ಅದಕ್ಕೆ ಡ್ರಾಯರ್ ತುಂಬ ಸಿಮ್ ಅಡಾಪ್ಟರ್ ಇವೆ. ಜಿಯೋ ಅಲ್ಲದ ಸಿಮ್ ಆದರೆ ಕಾಲ್, ಒಟಿಪಿ ಬರುತ್ತದೆ, ಅಷ್ಟಕ್ಕೆ ಸಾಲುತ್ತದೆ. ಈಚೆಗೆ ಬೆಂಗಳೂರಿಂದ ರಜೆಗೆ ಬಂದ ಹುಡುಗರು ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಸೇರಿರುವ ಸಿಮ್, ಇರುವ ಫೋನ್ ತರುತ್ತಿದ್ದಾರೆ. ತೆಗೆದು ಬೇರೆಯದಕ್ಕೆ ಹಾಕೋಣ ಅಂದರೆ ಸಿಮ್ಮೇ ಇಲ್ಲ. ಅವರಿಗೆ ಏನು ಕೊಟ್ಟು ಕಳಿಸುವುದು ಅಂತ ಇನ್ನೂ ದಾರಿ ಹುಡುಕುತ್ತಿದ್ದೇನೆ.