ಧಾರೆಯ ಹೊತ್ತಿಗೆ ಯಾವ ಬ್ಯಾಟರಿ?

ಮದುವೆ ಫೋಟೊ ತೆಗೆಯುವವರು ನಾಲ್ಕು ಜನ ಒಂದೆಡೆ ಸೇರಿದರೆ ಬ್ಯಾಟರಿಯ ಜಗಳ ಬಂದೇ ಬರುತ್ತದೆ. ಒಬ್ಬರು ಕ್ಯಾಮೆರಾ ಕಂಪನಿಯದ್ದನ್ನು ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ ಎನ್ನುತ್ತಾರೆ. ಇನ್ನೊಬ್ಬರು ಅದೆಲ್ಲ ಹೆಸರಿಗೆ ಕೊಡುವ ದುಡ್ಡು, ಒಳಗಿರುವುದು ಅದೇ ಲಿಥಿಯಂ ಎನ್ನುತ್ತಾರೆ. ನಾನು ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆಯ ಮದುವೆಗಳನ್ನು ತೆಗೆಯುವವನು. ನನ್ನ ಬ್ಯಾಗಿನಲ್ಲಿ ಎರಡು ಬಗೆಯವೂ ಇವೆ, ಎರಡಕ್ಕೂ ಕೆಲಸವಿದೆ. ಯಾವುದಕ್ಕೆ ಯಾವ ಕೆಲಸ ಎಂಬುದನ್ನು ಹಂಚಿಕೊಂಡ ಮೇಲೆ ನನ್ನ ಮಟ್ಟಿಗಂತೂ ಆ ಜಗಳ ಮುಗಿದಿದೆ.

ನಮ್ಮ ಕಡೆಯ ಮದುವೆ ಹಿಂದಿನ ಸಂಜೆಯ ವರಪೂಜೆಯಿಂದ ಶುರುವಾಗಿ ಮರುದಿನ ರಾತ್ರಿಯ ಆರತಕ್ಷತೆಯವರೆಗೆ ಎಳೆಯುತ್ತದೆ. ಅಷ್ಟು ಹೊತ್ತಿನಲ್ಲಿ ಮತ್ತೊಮ್ಮೆ ತೆಗೆಯಲಾಗದ ಭಾಗ ತೀರಾ ಸ್ವಲ್ಪ. ಅಂತರಪಟ ಸರಿಯುವುದು, ಜೀರಿಗೆ ಬೆಲ್ಲ, ಧಾರೆ ಎರೆಯುವುದು, ಮಾಂಗಲ್ಯಧಾರಣೆ, ಹಿಂದೆಯೇ ಬೀಳುವ ಅಕ್ಷತೆ. ಆರತಕ್ಷತೆಯಲ್ಲಿ ಬ್ಯಾಟರಿ ಮುಗಿದರೆ ‘ಒಂದು ನಿಮಿಷ ನಿಲ್ಲಿ ಸರ್’ ಎಂದು ನಗುತ್ತ ಬದಲಿಸಬಹುದು. ನೆಂಟರು ತಲೆ ಬಾಚಿಕೊಳ್ಳುತ್ತಾರೆ, ಅವರಿಗೂ ಖುಷಿ. ತಾಳಿ ಕಟ್ಟುವಾಗ ಹಾಗೆ ಹೇಳಲಾಗುವುದಿಲ್ಲ. ಆದ್ದರಿಂದ ಧಾರೆಗೆ ಅರ್ಧ ಗಂಟೆ ಇರುವಾಗ, ಹಳೆಯದರಲ್ಲಿ ಎಷ್ಟೇ ಉಳಿದಿರಲಿ, ಎರಡೂ ಕ್ಯಾಮೆರಾಗಳಿಗೆ ತುಂಬಿದ ಒರಿಜಿನಲ್ ಬ್ಯಾಟರಿ ಹಾಕುತ್ತೇನೆ. ತೆಗೆದಿಟ್ಟದ್ದು ಊಟದ ಪಂಕ್ತಿಗೆ ಬರುತ್ತದೆ.

ಒರಿಜಿನಲ್ಲೇ ಏಕೆ? ಅದು ಹೆಚ್ಚು ಹೊತ್ತು ಬರುತ್ತದೆ ಎಂಬುದು ನನಗೆ ಎರಡನೆಯ ಕಾರಣ. ಮೊದಲನೆಯದು, ಎಷ್ಟು ಉಳಿದಿದೆ ಎಂದು ಅದು ಸರಿಯಾಗಿ ಹೇಳುತ್ತದೆ. ಕ್ಯಾಮೆರಾ ಬ್ಯಾಟರಿಯ ಒಳಗೆ ಸಾಮಾನ್ಯವಾಗಿ ಎರಡು ಲಿಥಿಯಂ-ಅಯಾನ್ ಸೆಲ್‌ಗಳು ಸರಣಿಯಲ್ಲಿರುತ್ತವೆ. ಒಂದೊಂದಕ್ಕೆ 3.6 ವೋಲ್ಟ್, ಒಟ್ಟು 7.2, ಪೂರ್ತಿ ತುಂಬಿದಾಗ 8.4ರ ಆಸುಪಾಸು. ಜೊತೆಗೆ ಬೆರಳುಗುರಿನಷ್ಟು ಸರ್ಕ್ಯೂಟ್ ಇರುತ್ತದೆ. ಕ್ಯಾನನ್‌ನ ಎಲ್‌ಪಿ-ಇ6 ಬ್ಯಾಟರಿಯ ತುದಿ ನೋಡಿ, ನಾಲ್ಕು ಲೋಹದ ಪಟ್ಟಿಗಳಿವೆ. ಎರಡು ವಿದ್ಯುತ್ತಿಗೆ, ಒಂದು ಬಿಸಿಯನ್ನು ಅಳೆಯಲು, ಇನ್ನೊಂದು ಕ್ಯಾಮೆರಾದೊಡನೆ ಮಾತಾಡಲು. ಆ ನಾಲ್ಕನೆಯ ಪಟ್ಟಿಯ ಹಿಂದಿರುವ ಚಿಪ್ ಒಳಗೆ ಹೋದ, ಹೊರಗೆ ಬಂದ ವಿದ್ಯುತ್ತಿನ ಲೆಕ್ಕ ಇಟ್ಟಿರುತ್ತದೆ. ಮೆನುವಿನಲ್ಲಿ ಕಾಣುವ ಶೇಕಡಾವಾರು, ಆ ಚಾರ್ಜಿನಲ್ಲಿ ತೆಗೆದ ಚಿತ್ರಗಳ ಸಂಖ್ಯೆ, ಬ್ಯಾಟರಿಯ ಆರೋಗ್ಯ ತೋರಿಸುವ ಮೂರು ಹಸಿರು ಚೌಕಗಳು ಎಲ್ಲವೂ ಇದೇ ದಾರಿಯಲ್ಲಿ ಬರುವ ಮಾಹಿತಿ. ನಿಕಾನ್‌ನಲ್ಲಿ ಇದೇ ಆರೋಗ್ಯವನ್ನು 0ಯಿಂದ 4ರವರೆಗಿನ ಅಂಕಿಯಲ್ಲಿ ತೋರಿಸುತ್ತಾರೆ. 0 ಹೊಸದು, 4 ಬಂದರೆ ಬದಲಿಸುವ ಕಾಲ.

ಅಗ್ಗದ ಬ್ಯಾಟರಿಗಳು ಎಡವುವುದು ಇಲ್ಲಿಯೇ. ಚಿಪ್ ಇಲ್ಲದಿದ್ದರೆ ಕ್ಯಾಮೆರಾ ಬರೀ ವೋಲ್ಟೇಜ್ ನೋಡಿ ಅಂದಾಜು ಮಾಡಬೇಕು. ಲಿಥಿಯಂ ಸೆಲ್‌ನ ವೋಲ್ಟೇಜ್ ನಡುವೆ ಬಹಳ ಹೊತ್ತು ಹೆಚ್ಚು ಬದಲಾಗದೆ ಸಾಗಿ, ಕೊನೆಗೆ ಥಟ್ಟನೆ ಕುಸಿಯುತ್ತದೆ. ಹೀಗಾಗಿ ಅರ್ಧ ಇದೆ ಎಂದು ತೋರಿಸುತ್ತಿದ್ದ ಕ್ಯಾಮೆರಾ ಕೆಂಪು ಗುರುತು ತೋರಿಸಿ, ನೀವು ಇನ್ನೊಂದನ್ನು ಜೇಬಿನಿಂದ ತೆಗೆಯುವಷ್ಟರಲ್ಲಿ ಕಣ್ಣು ಮುಚ್ಚುತ್ತದೆ. ಚಿಪ್ ಇದ್ದರೂ ಅದು ಬೇರೊಂದರ ನಕಲಾಗಿರಬಹುದು. ಕ್ಯಾನನ್ ಮೆನುವಿನಲ್ಲಿ ಬ್ಯಾಟರಿಗಳನ್ನು ಕ್ರಮಸಂಖ್ಯೆಯೊಂದಿಗೆ ದಾಖಲಿಸಿಕೊಳ್ಳುವ ಸೌಲಭ್ಯವಿದೆ. ಜೋಡಿಯಾಗಿ ಕೊಂಡ ಎರಡು ಬ್ಯಾಟರಿಗಳು ಅಲ್ಲಿ ಒಂದೇ ಸಂಖ್ಯೆ ಹೇಳಿದ್ದನ್ನು ನಾನೇ ನೋಡಿದ್ದೇನೆ. ಅವಳಿಗಳಿಗೂ ಆಧಾರ್ ಸಂಖ್ಯೆ ಬೇರೆ ಬೇರೆ ಇರುತ್ತದಲ್ಲ!

ಬ್ಯಾಟರಿಯೊಡನೆ ಮಾತುಕತೆ ಕೂಡಿಬರದಿದ್ದರೆ ಕ್ಯಾನನ್ ಕ್ಯಾಮೆರಾ ಪರದೆಯ ಮೇಲೆ ಒಂದು ಪ್ರಶ್ನೆ ಕೇಳುತ್ತದೆ: ಈ ಬ್ಯಾಟರಿಯ ಮೇಲೆ ಕ್ಯಾನನ್ ಲಾಂಛನ ಇದೆಯೇ? ಇಲ್ಲ ಎಂದು ಒತ್ತಿ ಮುಂದೆ ಹೋಗಬಹುದು. ಬ್ಯಾಟರಿ ಬದಲಿಸಿದಾಗಲೆಲ್ಲ ಈ ಪ್ರಶ್ನೆಗೆ ಉತ್ತರಿಸುವ ಸಹನೆ ಊಟದ ಮನೆಯಲ್ಲಿ ಇರುತ್ತದೆ, ಮಂಟಪದ ಮುಂದೆ ಇರುವುದಿಲ್ಲ.

ಇನ್ನೊಂದು ವಿಷಯವನ್ನು ಅಂಗಡಿಯವರು ಹೇಳುವುದಿಲ್ಲ. ಎಲ್‌ಪಿ-ಇ6 ಎಂಬ ಆಕಾರ 2008ರಲ್ಲಿ ಕ್ಯಾನನ್‌ನ 5ಡಿ ಮಾರ್ಕ್ 2 ಕ್ಯಾಮೆರಾ ಜೊತೆ ಬಂದದ್ದು, ಹಿಡಿಯುವ ಚಾರ್ಜ್ 1800 ಎಂಎಎಚ್ (ಮಿಲಿಆಂಪಿಯರ್-ಅವರ್). ಆಮೇಲೆ 1865ರ ಎಲ್‌ಪಿ-ಇ6ಎನ್, 2020ರಲ್ಲಿ ಆರ್5, ಆರ್6 ಜೊತೆ 2130ರ ಎಲ್‌ಪಿ-ಇ6ಎನ್‌ಎಚ್. ಎಲ್ಲವೂ ಅದೇ ಗೂಡಿನಲ್ಲಿ ಕೂರುತ್ತವೆ, ಆದರೆ ಒಂದೇ ರೀತಿ ಕೆಲಸ ಮಾಡುವುದಿಲ್ಲ. ಆರ್6ರ ಮೆಕ್ಯಾನಿಕಲ್ ಶಟರ್ ಸೆಕೆಂಡಿಗೆ 12 ಚಿತ್ರ ಹೊಡೆಯಬೇಕಾದರೆ ಎನ್‌ಎಚ್ ಬ್ಯಾಟರಿಯೇ ಬೇಕು, ಅದರಲ್ಲಿ ಚಾರ್ಜ್ ಸಾಕಷ್ಟಿರಬೇಕು. ಹಳೆಯದನ್ನು ಹಾಕಿದರೆ ವೇಗ ಇಳಿಯುತ್ತದೆ. ತಾಳಿ ಬಿಗಿದ ಕ್ಷಣದಲ್ಲಿ ನಾಲ್ಕೂ ಕಡೆಯಿಂದ ಅಕ್ಷತೆ ಬೀಳುವಾಗ ವಧುವಿನ ಕಣ್ಣು ತೆರೆದಿರುವ, ಮುಖಕ್ಕೆ ಅಡ್ಡವಾಗಿ ಅಕ್ಕಿಕಾಳು ಇಲ್ಲದ ಒಂದು ಚಿತ್ರ ಸಿಗುವುದು ಆ ವೇಗದಲ್ಲಿಯೇ. ಯುಎಸ್‌ಬಿ ಮೂಲಕ ಕ್ಯಾಮೆರಾದೊಳಗೇ ಚಾರ್ಜ್ ಮಾಡುವುದೂ ಹಾಗೆಯೇ: ಇ6ಎನ್ ಮತ್ತು ಎನ್‌ಎಚ್‌ಗೆ ಆಗುತ್ತದೆ, ಮೊದಲಿನ ಇ6ಗೆ ಆಗುವುದಿಲ್ಲ, ಬೇರೆ ಕಂಪನಿಗಳವು ಹಲವು ಒಪ್ಪುವುದಿಲ್ಲ. ಕರೆಂಟ್ ಹೋದ ಮಲೆನಾಡಿನ ಮನೆಯಲ್ಲಿ ಪವರ್ ಬ್ಯಾಂಕ್ ಒಂದೇ ಗತಿಯಾದಾಗ ಇದರ ಬೆಲೆ ಗೊತ್ತಾಗುತ್ತದೆ.

ಹಾಗಾದರೆ ಎಲ್ಲವನ್ನೂ ಒರಿಜಿನಲ್ ಕೊಂಡರಾಯಿತಲ್ಲ ಎಂದರೆ, ಒಂದರ ದುಡ್ಡಿನಲ್ಲಿ ಹೆಸರುಳ್ಳ ಬೇರೆ ಕಂಪನಿಯ ಎರಡು ಮೂರು ಬರುತ್ತವೆ. ಕ್ಯಾಮೆರಾ ಎರಡು, ವಿಡಿಯೊ ಹುಡುಗನದೊಂದು. ವರಪೂಜೆಗೂ ಆರತಕ್ಷತೆಗೂ ಒರಿಜಿನಲ್ಲೇ ಸುರಿಯುವಷ್ಟು ಪ್ಯಾಕೇಜ್ ದರ ನಮ್ಮೂರಿನಲ್ಲಿಲ್ಲ.

ಅಂಗಡಿಗೆ ಹೋದರೆ ಕೌಂಟರ್ ಮೇಲೆ ಮೂರು ಬಗೆ ಇರುತ್ತದೆ. ಕ್ಯಾಮೆರಾ ಕಂಪನಿಯ ಒರಿಜಿನಲ್. ತನ್ನದೇ ಹೆಸರು, ತನ್ನದೇ ವಾರಂಟಿ ಇಟ್ಟುಕೊಂಡು ಡಿಜಿಟೆಕ್, ಸ್ಮಾಲ್‌ರಿಗ್‌ನಂಥ ಕಂಪನಿಗಳು ಮಾರುವ ಹೊಂದಾಣಿಕೆಯ ಬ್ಯಾಟರಿ. ಮೂರನೆಯದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ‘ಫಸ್ಟ್ ಕಾಪಿ’ ಎನ್ನುತ್ತಾರೆ: ಕ್ಯಾಮೆರಾ ಕಂಪನಿಯ ಹೆಸರನ್ನೇ ಹಾಕಿಕೊಂಡ ನಕಲಿ. ಒಮ್ಮೆ ಕೌಂಟರ್‌ನವರು ಎರಡು ಡಬ್ಬಿಗಳನ್ನು ಪಕ್ಕಪಕ್ಕ ಇಟ್ಟು, “ಸರ್, ಇದಕ್ಕೂ ಅದಕ್ಕೂ ಏನೂ ವ್ಯತ್ಯಾಸ ಇಲ್ಲ, ಬಿಲ್ ಒಂದು ಬರುವುದಿಲ್ಲ ಅಷ್ಟೆ” ಎಂದರು. ಆ ‘ಅಷ್ಟೆ’ಯಲ್ಲಿಯೇ ಎಲ್ಲ ಇದೆ. ನನ್ನ ಲೆಕ್ಕದಲ್ಲಿ ಮೂರರಲ್ಲಿ ಕೆಟ್ಟದ್ದು ಇದೇ. ಬೇರೆ ಕಂಪನಿಯದು ತಾನು ಯಾರೆಂದು ಹೇಳಿಕೊಂಡು ಬರುತ್ತದೆ, ಕೆಟ್ಟರೆ ಕೇಳಲು ಒಂದು ವಿಳಾಸವಿರುತ್ತದೆ. ನಕಲಿಯನ್ನು ನಾವು ಒರಿಜಿನಲ್ ಎಂದು ನಂಬಿ ಧಾರೆಗೆ ಹಾಕುತ್ತೇವೆ.

ಗುರುತಿಸಲು ನಾನು ನೋಡುವುದು ಕೆಲವು ಸಂಗತಿಗಳನ್ನು. ಮೊದಲು ಲೇಬಲ್ಲಿನ ಗುಣಾಕಾರ. ಸೋನಿಯ ಎನ್‌ಪಿ-ಎಫ್‌ಜೆಡ್100 ಮೇಲೆ 7.2 ವೋಲ್ಟ್, 2280 ಎಂಎಎಚ್, 16.4 ವ್ಯಾಟ್-ಅವರ್ ಎಂದಿರುತ್ತದೆ; 2280 ಎಂಎಎಚ್ ಎಂದರೆ 2.28 ಆಂಪಿಯರ್-ಅವರ್, 7.2ನ್ನು 2.28ರಿಂದ ಗುಣಿಸಿದರೆ ಸರಿಯಾಗಿ ಅಷ್ಟೇ ಬರುತ್ತದೆ. ಸಂಶಯದ ಬ್ಯಾಟರಿಗಳಲ್ಲಿ ಮುದ್ರಿಸಿದವರು ಎಂಎಎಚ್ ಒಂದನ್ನು ಏರಿಸಿ ವ್ಯಾಟ್-ಅವರ್ ಮರೆತಿರುತ್ತಾರೆ. ಎಲ್‌ಪಿ-ಇ6ರ ಅದೇ ಅಳತೆಯ ಡಬ್ಬಿಯಲ್ಲಿ ಕ್ಯಾನನ್ ಕಂಪನಿಗೇ 2130 ಕೂಡಿಸಲು ಹನ್ನೆರಡು ವರ್ಷ ಹಿಡಿದಿರುವಾಗ, ಯಾರೋ 2800 ಎಂದು ಬರೆದರೆ ನಗಬೇಕಷ್ಟೆ. ಎರಡನೆಯದು ತೂಕ. ಎಫ್‌ಜೆಡ್100 ಸುಮಾರು 83 ಗ್ರಾಂ ತೂಗುತ್ತದೆ. ಸಾಮರ್ಥ್ಯ ಹೆಚ್ಚು, ತೂಕ ಕಣ್ಣಿಗೆ ಹೊಡೆಯುವಷ್ಟು ಕಡಿಮೆ ಎಂದಾದರೆ ಒಳಗೆ ಸೆಲ್ ಚಿಕ್ಕದಿದೆ. ಮನೆಯಲ್ಲಿ ಬೇಕಿಂಗಿಗೆ ತಂದ ತಕ್ಕಡಿ ಸಾಕು. ನಮ್ಮ ಮನೆಯದ್ದು ಈಗ ಸ್ಟುಡಿಯೊದಲ್ಲಿಯೇ ಇದೆ, ಹೆಂಡತಿ ಎರಡು ಸಲ ಕೇಳಿದ್ದಾಳೆ. ಮೂರನೆಯದು ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು. ನಮ್ಮ ದೇಶದಲ್ಲಿ ಇಂಥ ಮರುಚಾರ್ಜ್ ಬ್ಯಾಟರಿಗಳಿಗೆ ಐಎಸ್ 16046ರಡಿ ನೋಂದಣಿ ಕಡ್ಡಾಯ. ಲೇಬಲ್ ಮೇಲೆ ‘ಆರ್’ನಿಂದ ಶುರುವಾಗುವ ಸಂಖ್ಯೆ ಇರುತ್ತದೆ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಎಂದು ತಿಳಿಯುತ್ತದೆ. ಅಂಗಡಿಯಲ್ಲಿ ನಿಂತೇ ಇದನ್ನು ಮಾಡಬಹುದು. ಮಾಡುತ್ತಿರುವುದು ಕಂಡರೆ ಕೆಲವರು ಡಬ್ಬಿಯನ್ನು ಮೆಲ್ಲಗೆ ಹಿಂದಕ್ಕೆಳೆದುಕೊಳ್ಳುತ್ತಾರೆ, ಅದೂ ಒಂದು ಪರೀಕ್ಷೆಯೇ.

ಕೊಂಡು ತಂದದ್ದನ್ನು ನೇರ ಮದುವೆಗೆ ಒಯ್ಯುವುದಿಲ್ಲ. ಪೂರ್ತಿ ಚಾರ್ಜ್ ಮಾಡಿ, ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು, ಗೋಡೆ ಗಡಿಯಾರದ ಕಡೆ ತಿರುಗಿಸಿ, ನಿಲ್ಲುವವರೆಗೂ ವಿಡಿಯೊ ಓಡಿಸುತ್ತೇನೆ. ಕೊನೆಯ ತುಣುಕಿನಲ್ಲಿ ಗಡಿಯಾರವೇ ಸಮಯ ಹೇಳುತ್ತದೆ. ಅದೇ ಕೋಣೆ, ಅದೇ ಸೆಟ್ಟಿಂಗ್, ಒರಿಜಿನಲ್ಲಿನದೂ ಒಮ್ಮೆ. ಒಳ್ಳೆಯ ಹೊಂದಾಣಿಕೆಯ ಬ್ಯಾಟರಿಗಳು ಹೊಸದರಲ್ಲಿ ಒರಿಜಿನಲ್ಲಿನ ಹತ್ತಿರಕ್ಕೆ ಬರುತ್ತವೆ, ಇದನ್ನು ಒಪ್ಪಿಕೊಳ್ಳಬೇಕು. ವ್ಯತ್ಯಾಸ ಕಾಣುವುದು ವರ್ಷ ಕಳೆದ ಮೇಲೆ, ಅದೇ ಪರೀಕ್ಷೆಯನ್ನು ಮತ್ತೆ ಮಾಡಿದಾಗ. ಒರಿಜಿನಲ್ ಸ್ವಲ್ಪವೇ ಇಳಿದಿರುತ್ತದೆ. ಉಳಿದವುಗಳಲ್ಲಿ ಕೆಲವು ಅರ್ಧಕ್ಕೆ ಬಂದಿರುತ್ತವೆ, ಜೊತೆಯಲ್ಲೇ ಕೊಂಡ ಜೋಡಿಯೂ ಒಂದರಂತೆ ಒಂದಿರುವುದಿಲ್ಲ.

ಉಬ್ಬುವುದು ಮಾತ್ರ ಬೇರೆಯೇ ತೊಂದರೆ. ಸೆಲ್ ಒಳಗಿನ ದ್ರವ ಕೆಟ್ಟು ಅನಿಲವಾದರೆ ಬ್ಯಾಟರಿಯ ಹೊಟ್ಟೆ ಉಬ್ಬುತ್ತದೆ. ವಿಡಿಯೊ ತೆಗೆಯುವ ಹುಡುಗ ಬೇಸಿಗೆಯ ಒಂದು ಮದುವೆಯಲ್ಲಿ ಕ್ಯಾಮೆರಾ ಹಿಡಿದುಕೊಂಡು ಬಂದು, “ಅಣ್ಣ, ಬ್ಯಾಟರಿ ಹೊರಗೇ ಬರುತ್ತಿಲ್ಲ” ಎಂದ. ಬಾಗಿಲು ತೆರೆದಿದೆ, ಕೊಕ್ಕೆ ಸರಿಸಿದರೂ ಬ್ಯಾಟರಿ ಒಂದು ಕಾಳಿನಷ್ಟು ಮೇಲೆದ್ದು ನಿಂತಿದೆ. ಅವನ ಕೈಯಲ್ಲಿ ಆಗಲೇ ಸ್ಕ್ರೂಡ್ರೈವರ್ ಇತ್ತು, ಅದನ್ನು ಕಿತ್ತುಕೊಂಡೆ. ಉಬ್ಬಿದ ಲಿಥಿಯಂ ಬ್ಯಾಟರಿಗೆ ಲೋಹದ ಮೊನೆ ತಗುಲಿದರೆ ಬೆಂಕಿಯೇ ಆಗಬಹುದು. ಕ್ಯಾಮೆರಾ ಆಫ್ ಮಾಡಿ, ನೆರಳಿನಲ್ಲಿ ತಣ್ಣಗಾಗಲು ಬಿಟ್ಟು, ಬ್ಯಾಟರಿಯ ತುದಿಗೆ ಗಟ್ಟಿ ಟೇಪನ್ನು ಬಾಲದಂತೆ ಅಂಟಿಸಿ, ಕೊಕ್ಕೆಯನ್ನು ಒತ್ತಿ ಹಿಡಿದು ನೆಟ್ಟಗೆ ಎಳೆದೆವು. ಬಂತು. ಬಾರದಿದ್ದರೆ ಸರ್ವಿಸ್ ಸೆಂಟರ್ ಒಂದೇ ದಾರಿ. ಬೇರೆ ಕಂಪನಿಯ ಬ್ಯಾಟರಿಯಿಂದಾದ ಹಾನಿಗೆ ಕ್ಯಾಮೆರಾ ವಾರಂಟಿ ಸಿಗುವುದಿಲ್ಲ ಎಂಬುದು ಅಲ್ಲಿ ಸಿಗುವ ಮೊದಲ ಉತ್ತರ.

ಒರಿಜಿನಲ್ ಎಂದರೆ ದೋಷವೇ ಇಲ್ಲ ಎಂದು ಇದರರ್ಥವಲ್ಲ. 2012ರಲ್ಲಿ ನಿಕಾನ್ ತನ್ನದೇ ಇಎನ್-ಇಎಲ್15 ಬ್ಯಾಟರಿಗಳಲ್ಲಿ ಕೆಲವು ಲಾಟ್‌ಗಳನ್ನು (ಒಟ್ಟಿಗೆ ತಯಾರಾದ ಗುಂಪುಗಳನ್ನು) ಬಿಸಿಯಾಗುವ ತೊಂದರೆಯಿಂದ ಹಿಂದಕ್ಕೆ ಕರೆಸಿಕೊಂಡಿತ್ತು. ಹೇಳಬೇಕಾದ ಮಾತೆಂದರೆ, ಕರೆಸಿಕೊಂಡಿತು. ಲಾಟ್ ಸಂಖ್ಯೆ ಪ್ರಕಟಿಸಿ ಬದಲಿ ಕೊಟ್ಟಿತು. ಬಿಲ್ಲಿಲ್ಲದೆ ಕೊಂಡದ್ದಕ್ಕೆ ಯಾರೂ ಹಾಗೆ ಮಾಡುವುದಿಲ್ಲ.

ಎಲ್‌ಇಡಿ ಲೈಟು ಮತ್ತು ಮಾನಿಟರಿಗೆ ಬಳಸುವ ಎನ್‌ಪಿ-ಎಫ್ ಬ್ಯಾಟರಿಗಳ ವಿಷಯದಲ್ಲಿ ನಾನು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ಸೋನಿ ಕ್ಯಾಮ್‌ಕಾರ್ಡರ್‌ಗಳಿಗಾಗಿ ಬಂದ ಆ ಆಕಾರ ಈಗ ಲೈಟಿನವರ ಸ್ವತ್ತಾಗಿದೆ. ಲೈಟಿಗೆ ಶೇಕಡಾವಾರು ಬೇಡ, ಕ್ರಮಸಂಖ್ಯೆ ಬೇಡ. ವೋಲ್ಟ್ ಬಂದರೆ ಉರಿಯುತ್ತದೆ, ಆರಿದರೆ ಇನ್ನೊಂದು ಹಾಕಬಹುದು. ಬಿಐಎಸ್ ಗುರುತಿರುವ ಯಾವುದಾದರೂ ಸರಿ.

ಬ್ಯಾಟರಿಗಳನ್ನು ಕೊಲ್ಲುವ ತಿಂಗಳು ಯಾವುದೆಂದರೆ ಆಷಾಢ. ಮದುವೆಗಳಿಲ್ಲ, ಬ್ಯಾಗು ಮೂಲೆ ಸೇರುತ್ತದೆ, ಕೊನೆಯ ಆರತಕ್ಷತೆಯಲ್ಲಿ ಬರಿದಾದ ಬ್ಯಾಟರಿ ಹಾಗೆಯೇ ಕೂತು ಇನ್ನಷ್ಟು ಇಳಿಯುತ್ತದೆ. ವೋಲ್ಟೇಜ್ ಒಂದು ಮಿತಿಗಿಂತ ಕೆಳಗಿಳಿದರೆ ರಕ್ಷಣಾ ಸರ್ಕ್ಯೂಟ್ ದಾರಿಯನ್ನೇ ಮುಚ್ಚುತ್ತದೆ. ಶ್ರಾವಣದಲ್ಲಿ ಚಾರ್ಜರ್‌ಗೆ ಹಾಕಿದರೆ ದೀಪ ಪಟಪಟನೆ ಮಿಟುಕುತ್ತದೆಯೇ ಹೊರತು ಚಾರ್ಜ್ ಏರುವುದಿಲ್ಲ. ಪೂರ್ತಿ ತುಂಬಿಸಿಟ್ಟರೂ ಸೆಲ್ ಬೇಗ ಸವೆಯುತ್ತದೆ. ಆದ್ದರಿಂದ ಎಲ್ಲವನ್ನೂ ಅರ್ಧ ಚಾರ್ಜಿನಲ್ಲಿ, ಕ್ಯಾಮೆರಾದಿಂದ ಹೊರತೆಗೆದು, ಬೀರುವಿನ ತಣ್ಣನೆಯ ಕೆಳ ಅರೆಯಲ್ಲಿ ಇಡುತ್ತೇನೆ. ಸತ್ತವುಗಳ ತುದಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ಪಡೆಯುವವರಿಗೆ ಕೊಡುತ್ತೇನೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಿಂದಕ್ಕೆ ಪಡೆಯುವ ಹೊಣೆ ತಯಾರಕರದ್ದು. ಕಸದ ಬುಟ್ಟಿಗಂತೂ ಹಾಕುವಂತಿಲ್ಲ.

ಮುಂಬೈಗೋ ದುಬೈಗೋ ಮದುವೆ ತೆಗೆಯಲು ವಿಮಾನದಲ್ಲಿ ಹೋಗುವವರಿಗೆ ಒಂದು ಮಾತು. ಹೆಚ್ಚುವರಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲಿಯೇ ಇರಬೇಕು, ಚೆಕ್-ಇನ್ ಸಾಮಾನಿನಲ್ಲಿ ಅಲ್ಲ. 100 ವ್ಯಾಟ್-ಅವರ್‌ವರೆಗೆ ತೊಂದರೆಯಿಲ್ಲ, ಕ್ಯಾಮೆರಾ ಬ್ಯಾಟರಿಗಳು ಅದರ ಹತ್ತಿರವೂ ಬರುವುದಿಲ್ಲ. ಆದರೆ ಆ ಅಂಕಿ ಲೇಬಲ್ ಮೇಲೆ ಓದುವಂತಿರಬೇಕು. ಅಗ್ಗದವುಗಳ ಮುದ್ರಣ ಬೆವರಿಗೇ ಅಳಿಸಿಹೋಗುತ್ತದೆ, ಮೇಲೆ ಪಾರದರ್ಶಕ ಟೇಪ್ ಅಂಟಿಸಿಡಿ. ಲೋಹದ ಪಟ್ಟಿಗಳೂ ಮುಚ್ಚಿರಬೇಕು, ಅದಕ್ಕೆ ಮುಚ್ಚಳ ಬೇಕು. ಕ್ಯಾನನ್‌ನ ಪ್ಲಾಸ್ಟಿಕ್ ಮುಚ್ಚಳದಲ್ಲಿ ಬ್ಯಾಟರಿಯಾಕಾರದ ಒಂದು ಕಿಂಡಿ ಇದೆ. ಒಂದು ಕಡೆಯಿಂದ ಹಾಕಿದರೆ ಕಿಂಡಿಯಲ್ಲಿ ನೀಲಿ ಕಾಣುತ್ತದೆ, ತಿರುಗಿಸಿ ಹಾಕಿದರೆ ಕಾಣುವುದಿಲ್ಲ. ನೀಲಿ ಕಂಡರೆ ತುಂಬಿದೆ, ಇಲ್ಲವಾದರೆ ಬಳಸಿದ್ದು ಎಂದು ಇಟ್ಟುಕೊಳ್ಳಬಹುದು. ಹೊಸ ಹುಡುಗರು ಕೆಲಸಕ್ಕೆ ಬಂದಾಗ ಲೆನ್ಸಿಗಿಂತ ಮೊದಲು ಈ ಮುಚ್ಚಳ ಹಾಕುವುದನ್ನು ಕಲಿಸುತ್ತೇನೆ. ಬೇರೆ ಕಂಪನಿಯವುಗಳಲ್ಲಿ ಈ ಕಿಂಡಿ ಸಾಮಾನ್ಯವಾಗಿ ಇರುವುದಿಲ್ಲ. ಅವಕ್ಕೆ ಕೆಂಪು ರಬ್ಬರ್ ಬ್ಯಾಂಡ್ ಸುತ್ತಿದ್ದೇವೆ, ಸುತ್ತಿದ್ದು ತುಂಬಿದ್ದು.