ಬೇಲ್ ಆದವರು ಒಳಗೇ ಇದ್ದರು: ಕೊರೊನಾ ಕಾಲದ ಜೈಲು ಕೆಲಸದ ನನ್ನ ಅನುಭವ

2020ರ ಮಾರ್ಚ್ 23ರಂದು ಸುಪ್ರೀಂ ಕೋರ್ಟ್, ಜೈಲುಗಳ ದಟ್ಟಣೆ ಇಳಿಸಲು ಪ್ರತಿ ರಾಜ್ಯದಲ್ಲೂ ಉನ್ನತಾಧಿಕಾರ ಸಮಿತಿ ಮಾಡಿ ಎಂದ ಕೂಡಲೇ ನಮ್ಮ ವಕೀಲರ ವಾಟ್ಸಾಪ್ ಗುಂಪುಗಳೆಲ್ಲ ಮಧ್ಯಂತರ ಜಾಮೀನಿನ, ಅಂದರೆ ಕೆಲಕಾಲದ ಮಟ್ಟಿನ ಬಿಡುಗಡೆಯ, ಹಿಂದೆ ಬಿದ್ದವು. ಏಳು ವರ್ಷದೊಳಗಿನ ಶಿಕ್ಷೆಯ ಕೇಸು, ಸಮಿತಿಯ ಪಟ್ಟಿಯಲ್ಲಿ ಹೆಸರು, ಅಷ್ಟಾದರೆ ಹೊರಗೆ. ನಾನು ಮಾತ್ರ ಮಧ್ಯಂತರ ಬೇಡ, ಮಾಮೂಲಿ ಬೇಲೇ ಬೇಕು ಅಂತ ಕೂತೆ. ಅದರಲ್ಲೂ ಮೊದಲು, ಬೇಲ್ ಆರ್ಡರ್ ಆಗಿಯೂ ಶ್ಯೂರಿಟಿ (ಜಾಮೀನು ನಿಲ್ಲುವವರು) ಇಲ್ಲದೆ ಒಳಗೇ ಉಳಿದವರನ್ನು ತೆಗೆಯೋಣ ಅಂತ. "ಏನಮ್ಮಾ, ಎಲೆ ಹಾಕಿ ಬಡಿಸಿರೋವಾಗ ನೀನು ಒಲೆ ಹಚ್ಚೋಕೆ ಹೋಗ್ತೀಯಲ್ಲ" ಅಂದರು ನಮ್ಮ ಸೀನಿಯರ್. ಕಾನೂನು ನೆರವಿನ ಪ್ಯಾನಲ್‌ನಲ್ಲಿದ್ದ ಗೆಳೆಯರು ಅಷ್ಟೂ ಹೇಳಲಿಲ್ಲ, ನಕ್ಕು ಸುಮ್ಮನಾದರು. ಯಾರ ಲೆಕ್ಕ ಸರಿ ಅನ್ನೋದು ಗೊತ್ತಾಗಲು ಮೂರು ವರ್ಷ ಹಿಡಿಯಿತು.

ಪರಪ್ಪನ ಅಗ್ರಹಾರದ ಸ್ಥಿತಿ ನಿಮಗೆ ಗೊತ್ತಿದ್ದದ್ದೇ. ಎರಡು ಸಾವಿರ ಚಿಲ್ಲರೆ ಜನಕ್ಕೆ ಕಟ್ಟಿದ ಜೈಲಿನಲ್ಲಿ ನಾಲ್ಕು ಸಾವಿರ ಮೀರಿ ಇದ್ದರು. ರಾತ್ರಿ ಮಗ್ಗುಲು ಬದಲಿಸಿದರೆ ಪಕ್ಕದವನಿಗೆ ತಾಗುವ ಬ್ಯಾರಕ್‌ನಲ್ಲಿ ಆರು ಅಡಿ ಅಂತರ ಎಲ್ಲಿಂದ ತರೋದು? ಮಾಸ್ಕ್, ಸಾಬೂನು ಎಷ್ಟು ಹಂಚಿದರೂ ಜನ ಕಡಿಮೆಯಾಗದೆ ಗಾಳಿ ಬದಲಾಗುವುದಿಲ್ಲ.

ಮೊದಲು ಹಾಕಿದ ಅರ್ಜಿ ನನ್ನ ಪ್ರಕಾರ ಬಹಳ ಚೆನ್ನಾಗಿತ್ತು. ನಲವತ್ತು ಪುಟ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ, ಹೊರಗಿನ ಜನರಿಗೆ ಸಿಗುವ ಮಟ್ಟದ ವೈದ್ಯಕೀಯವೇ ಕೈದಿಗೂ ಸಿಗಬೇಕು ಎನ್ನುವ ಮಂಡೇಲಾ ನಿಯಮ 24, ಇದೇ ಬೆಂಗಳೂರು ಸೆಂಟ್ರಲ್ ಜೈಲಿನ ಕೈದಿಯ ಪತ್ರದಿಂದ ಹುಟ್ಟಿದ 1996ರ ರಾಮಮೂರ್ತಿ ತೀರ್ಪು, ಎಲ್ಲ ಇತ್ತು. ಪಿಪಿ, ಅಂದರೆ ಸರ್ಕಾರಿ ವಕೀಲರು, ಒಂದೇ ಮಾತು ಹೇಳಿದರು: ಜೈಲಿನೊಳಗೆ ಆಸ್ಪತ್ರೆ ಇದೆ, ಊರಿಗಿಂತ ಅಲ್ಲೇ ಕ್ಷೇಮ. ಅರ್ಜಿ ವಜಾ. ಅದೇ ಮಾದರಿಯಲ್ಲಿ ಇನ್ನೂ ಕೆಲವು ಹೋದವು, ಅವೂ ವಜಾ. ಒಂದು ಕೋರ್ಟಿಗೆ ಇಮೇಲ್ ಮಾಡಿದ್ದು ಪಿಡಿಎಫ್ ದೊಡ್ಡದಾಯಿತೆಂದು ವಾಪಸ್ ಬಂದಿತ್ತು, ಅದು ನನಗೆ ತಿಳಿದಾಗ ವಾರ ಕಳೆದಿತ್ತು.

ಏಪ್ರಿಲ್‌ನಲ್ಲಿ ಬೆಂಗಳೂರಿನ ಪಾದರಾಯನಪುರದಲ್ಲಿ ಕ್ವಾರಂಟೈನ್ ವಿಚಾರಕ್ಕೆ ಗಲಾಟೆ ಆಯಿತು. ಬಂಧಿತರನ್ನು ರಾಮನಗರ ಜೈಲಿಗೆ ಹಾಕಿದರು, ಅವರಲ್ಲಿ ಕೆಲವರಿಗೆ ಪಾಸಿಟಿವ್ ಬಂತು, ವಾಪಸ್ ಬೆಂಗಳೂರಿಗೆ ತಂದು ಹಜ್ ಭವನದಲ್ಲಿಟ್ಟರು. ಆಮೇಲೆ 'ಜೈಲೇ ಕ್ಷೇಮ' ಎನ್ನುವ ವಾದಕ್ಕೆ ಮೊದಲಿನ ಬಲ ಇರಲಿಲ್ಲ. ಆದರೂ ನಾನು ಆ ನಲವತ್ತು ಪುಟಕ್ಕೆ ಮರಳಲಿಲ್ಲ.

ನನಗೆ ಬೇಕಾಗಿದ್ದದ್ದು ಪಟ್ಟಿ. ಮನೆಯವರು ಫೋನ್ ಮಾಡಿದವರ ಪಟ್ಟಿಯಲ್ಲ, ಫೋನ್ ಮಾಡಲು ಯಾರೂ ಇಲ್ಲದವರ ಪಟ್ಟಿ. ಜೈಲಿನ ಕಾನೂನು ನೆರವು ಕ್ಲಿನಿಕ್‌ನಲ್ಲಿ ಶಿಕ್ಷೆಗೊಳಗಾದ ಬಂದಿಗಳೇ ಪಿಎಲ್‌ವಿಗಳಾಗಿ (ಅರೆ ಕಾನೂನು ಸ್ವಯಂಸೇವಕರಾಗಿ) ಕೆಲಸ ಮಾಡುತ್ತಾರಲ್ಲ, ಅವರಲ್ಲೊಬ್ಬರ ಅಕ್ಷರ ಮುತ್ತಿನಂತಿತ್ತು. ಬ್ಯಾರಕ್ ಬ್ಯಾರಕ್‌ಗೆ ಹೋಗಿ ಎರಡೇ ಪ್ರಶ್ನೆ ಕೇಳಿಸಿದೆ: ಬೇಲ್ ಆಗಿದೆಯಾ? ಆಗಿದ್ದರೆ ಯಾಕೆ ಹೋಗಿಲ್ಲ? ಗೆರೆ ಪುಸ್ತಕದ ಹಾಳೆಗಳು ತುಂಬಿ ಬಂದವು. ಅರವತ್ತೋ ಎಪ್ಪತ್ತೋ ಹೆಸರು. ಮೊಬೈಲ್ ಕಳವು, ಬೈಕ್ ಕಳವು, ಬಾರಿನ ಮುಂದಿನ ಹೊಡೆದಾಟ. ಬೇಲ್ ಹಕ್ಕಾಗಿಯೇ ಸಿಗುವ ಬೇಲಬಲ್ ಕೇಸಿನವರೂ ಇದ್ದರು ಎಂದರೆ ನೀವು ನಂಬಬೇಕು. ಬಂಧನವಾದ ವಾರದೊಳಗೆ ಜಾಮೀನು ಕೊಡಲಾಗದಿದ್ದರೆ ಬಡವನೆಂದೇ ಭಾವಿಸಿ ಸ್ವಂತ ಮುಚ್ಚಳಿಕೆ ಮೇಲೆ ಬಿಡಬೇಕು ಎಂದು ಆಗಿನ ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 436ರ ವಿವರಣೆಯಲ್ಲೇ ಬರೆದಿತ್ತು. ಅಂಥವರದ್ದು ಅರ್ಜಿ ಕಳಿಸಿದ್ದೇ ತಡ, ಆದೇಶ ಬಂತು.

ಉಳಿದವರದ್ದು ಕಷ್ಟದ ಕೆಲಸ. ಆದೇಶ ಮಾಮೂಲಿನದು: ಇಪ್ಪತ್ತೈದು ಸಾವಿರದ ಬಾಂಡ್, ಇಬ್ಬರು ಶ್ಯೂರಿಟಿ. ಲಾಕ್‌ಡೌನ್‌ನಲ್ಲಿ ಶ್ಯೂರಿಟಿ ಎಲ್ಲಿ? ಪಹಣಿ ಇರುವ ಚಿಕ್ಕಪ್ಪ ಚಿಂತಾಮಣಿಯಲ್ಲಿ, ಬಸ್ಸಿಲ್ಲ, ಜಿಲ್ಲೆ ಗಡಿಯಲ್ಲಿ ಬ್ಯಾರಿಕೇಡ್, ಬಂದರೂ ಕೋರ್ಟ್ ಗೇಟಿನೊಳಗೆ ಬಿಡುವುದಿಲ್ಲ. ಕೋರ್ಟ್ ಸುತ್ತ ಬಾಡಿಗೆಗೆ ಸಿಗುವವರ ರೇಟು ಐದು ಸಾವಿರದಿಂದ ಹತ್ತಕ್ಕೆ ಹಾರಿತ್ತು ಅಂತ ಕೇಳಿದೆ. ಆ ಬಾಗಿಲು ನಾನು ತಟ್ಟುವುದಿಲ್ಲ.

ಮಾಡಿದ್ದಿಷ್ಟು. ಒಬ್ಬರಿಗೆ ಒಂದೇ ಪುಟ. ಮೇಲೆ ಹೆಸರು, ಯುಟಿ (ವಿಚಾರಣಾಧೀನ ಕೈದಿ) ನಂಬರು, ಕ್ರೈಂ ನಂಬರು, ಕಲಂ. ಕೆಳಗೆ ಬೇಲ್ ಆದ ದಿನ, ಅಂದಿನಿಂದ ಎಷ್ಟು ದಿನ ಒಳಗಿದ್ದಾನೆ ಎನ್ನುವುದು ದಪ್ಪ ಅಕ್ಷರದಲ್ಲಿ. ಕಾಯಿಲೆ ಇದ್ದರೆ ಜೈಲು ವೈದ್ಯರ ಒಂದು ಸಾಲು: ಸಕ್ಕರೆ, ಟಿಬಿ, ಅಸ್ತಮಾ. ಹೊರಗೆ ಬಂದರೆ ಎಲ್ಲಿ ಇರುತ್ತಾನೆ ಎನ್ನುವ ವಿಳಾಸ. ಕೊರೊನಾ ಎನ್ನುವ ಪದ ಒಂದೇ ಸಲ, ಕೊನೆಯ ಸಾಲಿನಲ್ಲಿ. ಮ್ಯಾಜಿಸ್ಟ್ರೇಟ್ ಹಾಕಿದ ಷರತ್ತಾದರೆ ಅದನ್ನು ಇಳಿಸಲು ಸಿಆರ್‌ಪಿಸಿ 440(2)ರಲ್ಲಿ ಮೇಲಿನ ಸೆಷನ್ಸ್ ಕೋರ್ಟಿಗೆ, ಸೆಷನ್ಸ್ ಹಾಕಿದ್ದಾದರೆ ಅಲ್ಲಿಗೇ ಮಾರ್ಪಾಡು ಅರ್ಜಿ. ಕೋರಿಕೆ ಎರಡು: 445ರಲ್ಲಿ ಶ್ಯೂರಿಟಿ ಬದಲು ನಗದು ಭದ್ರತೆ, ಇಲ್ಲವೇ ಈಗ ಸ್ವಂತ ಬಾಂಡ್, ಕೋರ್ಟ್ ಪೂರ್ತಿ ತೆರೆದ ನಾಲ್ಕು ವಾರದಲ್ಲಿ ಒಬ್ಬ ಶ್ಯೂರಿಟಿ. ಎರಡನೆಯದಕ್ಕೆ ನ್ಯಾಯಾಧೀಶರು ಬೇಗ ಒಪ್ಪುತ್ತಿದ್ದರು. ಕೊಟ್ಟ ಆದೇಶವನ್ನು ಬದಲಿಸಿದಂತೆ ಕಾಣುವುದಿಲ್ಲ, ಮುಂದಕ್ಕೆ ಹಾಕಿದಂತೆ ಕಾಣುತ್ತದೆ. ಇಂಥ ಅರ್ಜಿಗಳನ್ನು ಯಾವ ಕ್ರಮದಲ್ಲಿ, ವಾರದ ಯಾವ ದಿನ ಕಳಿಸಬೇಕು ಅನ್ನೋದರಲ್ಲಿ ಒಂದು ಗುಟ್ಟಿದೆ. ಅದನ್ನಿಲ್ಲಿ ಬರೆಯೋದಿಲ್ಲ, ಎದುರಿಗೆ ಸಿಕ್ಕರೆ ಕಾಫಿ ಕುಡಿಸಿ ಕೇಳಿ.

ಸಮಿತಿಯ ಪಟ್ಟಿಗೆ ಸೇರದವರು ಐಪಿಸಿ 392ರ, ಅಂದರೆ ಸುಲಿಗೆ ಕೇಸಿನವರು. ಹುಡುಗ ಮೊಬೈಲ್ ಕಿತ್ತುಕೊಂಡು ಓಡಿದರೂ ಸುಲಿಗೆ, ಹತ್ತು ವರ್ಷದವರೆಗೆ ಶಿಕ್ಷೆ, ಏಳರ ಮಿತಿಯ ಆಚೆ. ಆದರೆ ಕನಿಷ್ಠ ಹತ್ತು ವರ್ಷ ಎಂದಿಲ್ಲದ ಕಾರಣ ಚಾರ್ಜ್‌ಶೀಟ್‌ಗೆ ತೊಂಬತ್ತಲ್ಲ, ಅರವತ್ತೇ ದಿನ ಎಂದು 2017ರ ರಾಕೇಶ್ ಕುಮಾರ್ ಪಾಲ್ ತೀರ್ಪು ಹೇಳಿತ್ತು. ಅಷ್ಟರೊಳಗೆ ಅದು ಬಾರದೆ ಅರ್ಜಿ ಹಾಕಿದರೆ ಬೇಲ್ ಆರೋಪಿಯ ಹಕ್ಕು. ಲಾಕ್‌ಡೌನ್‌ನಲ್ಲಿ ಠಾಣೆಯವರೆಲ್ಲ ಬ್ಯಾರಿಕೇಡ್ ಹತ್ತಿರ, ಚಾರ್ಜ್‌ಶೀಟ್ ಯಾರು ಬರೀಬೇಕು? ಕೊರೊನಾ ಕಾರಣಕ್ಕೆ ಸುಪ್ರೀಂ ಕೋರ್ಟ್ ಗಡುವುಗಳನ್ನೆಲ್ಲ ವಿಸ್ತರಿಸಿದೆ ಎಂದು ಪಿಪಿಗಳು ವಾದಿಸಿ ಒಂದೆರಡು ಕಡೆ ಗೆದ್ದರು ಕೂಡ. ಜೂನ್ 19ರಂದು ಎಸ್. ಕಾಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆ ವಿಸ್ತರಣೆ ಈ ಹಕ್ಕು ಕೊಡುವ ಸಿಆರ್‌ಪಿಸಿ 167(2)ಕ್ಕೆ ಅನ್ವಯಿಸುವುದಿಲ್ಲ ಎಂದಿತು. ಅಲ್ಲಿಂದ ನನ್ನ ಗೋಡೆ ಕ್ಯಾಲೆಂಡರ್ ತುಂಬ ಕೆಂಪು ಗುರುತು. ಗಡುವು ಮುಗಿದ ಮರುದಿನ ಬೆಳಗ್ಗೆ ಮೊದಲ ಇಮೇಲ್ ನನ್ನದೇ. ಅರ್ಜಿಗಿಂತ ಮೊದಲು ಚಾರ್ಜ್‌ಶೀಟ್ ಬಿದ್ದರೆ ಹಕ್ಕು ಹೋಯಿತು, ಆದ್ದರಿಂದ ಇಮೇಲ್ ಹೋದ ಸಮಯದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಒಂದು ಕೇಸು ಆ ಸ್ಕ್ರೀನ್‌ಶಾಟ್ ಮೇಲೆಯೇ ನಿಂತಿತು.

ದುಡ್ಡಿನ ವಿಷಯ. ನಗದು ಭದ್ರತೆ ಎರಡು ಸಾವಿರದಿಂದ ಐದು ಸಾವಿರದವರೆಗೆ ಬಿತ್ತು. ಹುಡುಗರ ಹಳೇ ಮಾಲೀಕರಿಗೆ ಫೋನ್ ಮಾಡಿದೆ. ಗುಜರಿ ಅಂಗಡಿಯವರೊಬ್ಬರು "ಅವನು ನನ್ನ ಅಂಗಡೀಲಿ ಕದ್ದಿಲ್ಲ ಮೇಡಂ" ಅಂತ ಹೇಳಿ ಕೂಡಲೇ ಕಳಿಸಿದರು. ದರ್ಶಿನಿ ಮಾಲೀಕರೊಬ್ಬರು ಬೈದು ಫೋನಿಟ್ಟು, ಸಂಜೆ ತಾವೇ ಮಾಡಿ ಕೊಟ್ಟರು. ಲಾ ಕಾಲೇಜಿನ ಗೆಳೆಯರಿಂದ ಒಂದಷ್ಟು, ನನ್ನ ಕೈಯಿಂದ ಮೂವತ್ತು ಸಾವಿರದ ಹತ್ತಿರ. ಭದ್ರತೆಯ ಹಣ ಕೇಸು ಮುಗಿದ ಮೇಲಷ್ಟೇ ವಾಪಸ್ಸು, ಹಾಗಾಗಿ ಅದರಲ್ಲಿ ಅರ್ಧ ಇನ್ನೂ ಡಿಪಾಸಿಟ್‌ನಲ್ಲೇ ಕೂತಿದೆ. ಝೆರಾಕ್ಸ್ ಉಳಿಯಿತು, ಎಲ್ಲ ಪಿಡಿಎಫ್.

ಗೇಟಿನಾಚೆಯ ಖರ್ಚನ್ನು ಯಾರೂ ಲೆಕ್ಕ ಹಾಕಿರುವುದಿಲ್ಲ. ಬಿಡುಗಡೆಯಾಗೋದು ಸಂಜೆ ಕತ್ತಲಾಗುವ ಹೊತ್ತಿಗೆ, ರಸ್ತೆಯಲ್ಲಿ ಬಿಎಂಟಿಸಿ ಇಲ್ಲ. ಆಟೊಗೆ ಮುನ್ನೂರು ನಾನೂರು. ಒಡಿಶಾ, ಬಿಹಾರದವರಿಗೆ ಇನ್ನೂ ಪೇಚು: ರೈಲು ಹತ್ತಲು ಸೇವಾಸಿಂಧುವಿನಲ್ಲಿ ನೋಂದಾಯಿಸಬೇಕು, ಅದಕ್ಕೆ ಮೊಬೈಲ್‌ಗೆ ಒಟಿಪಿ ಬರಬೇಕು, ಮೊಬೈಲ್ ಠಾಣೆಯಲ್ಲಿ ಜಪ್ತಿ! ನನ್ನ ನಂಬರಿನಿಂದಲೇ ಹಲವರದ್ದು ಮಾಡಿದೆ. ಇವತ್ತಿಗೂ ಆ ಊರುಗಳಿಂದ ಹಬ್ಬಕ್ಕೆ ಮೆಸೇಜ್ ಬರುತ್ತದೆ.

ಇದರ ಜೊತೆಗೇ ಇನ್ನೊಂದು ಪ್ರಯೋಗ. ಟಿಬಿ, ಎಚ್‌ಐವಿ ಔಷಧಿ ನುಂಗುತ್ತಿದ್ದವರು ಹೊರಗೆ ಬಂದ ಮೇಲೆ ಮಾತ್ರೆ ತಪ್ಪುತ್ತಿತ್ತು. ಬಿಡುಗಡೆಯ ದಿನವೇ ಕೈಗೆ ಒಂದು ತಿಂಗಳ ಮಾತ್ರೆ, ಟಿಬಿ ನೋಂದಣಿಯ ನಿಕ್ಷಯ್ ನಂಬರು ಅಥವಾ ಎಚ್‌ಐವಿ ಚಿಕಿತ್ಸೆಯ ಎಆರ್‌ಟಿ ಪುಸ್ತಕ ಕೊಡಿ ಎಂದು ಅದೇ ಒಂದು ಪುಟದಲ್ಲಿ ಒಂದು ಸಾಲು ಸೇರಿಸಿದೆ. ಕೋರ್ಟ್ ಆದೇಶದಲ್ಲಿ ಆ ಸಾಲು ಬಂದರೆ ಜೈಲು ಆಸ್ಪತ್ರೆಯವರಿಗೂ ಕೊಡಲು ಸಲೀಸು. ಇದು ನನ್ನದೇ ಉಪಾಯ ಅಂತ ಸ್ವಲ್ಪ ಜಂಬ ಪಡುತ್ತೇನೆ. ಇ-ಮುಲಾಕಾತ್‌ನಲ್ಲಿ (ಕೈದಿಯೊಂದಿಗಿನ ವಿಡಿಯೊ ಭೇಟಿಯಲ್ಲಿ) ಮನೆಯವರನ್ನು ಕೂಡಿಸುವ ಪ್ರಯತ್ನ ಮಾತ್ರ ಅಷ್ಟಕ್ಕಷ್ಟೆ. ಸ್ಮಾರ್ಟ್‌ಫೋನ್ ಇರುವ ಮನೆಯವರಿಗೆ ನಮ್ಮ ಸಹಾಯ ಬೇಕಿರಲಿಲ್ಲ, ಬೇಕಿದ್ದವರ ಹತ್ತಿರ ಸ್ಮಾರ್ಟ್‌ಫೋನ್ ಇರಲಿಲ್ಲ. ಕೈಬಿಟ್ಟೆ.

ಎರಡನೇ ಅಲೆಯಲ್ಲಿ ಲಸಿಕೆಯ ತಕರಾರು. ಆಧಾರ್ ಇಲ್ಲದವರಿಗೆ ಕೋವಿನ್‌ನಲ್ಲಿ ಜಾಗ ಇಲ್ಲ ಎನ್ನುವ ಮಾತು ಹಬ್ಬಿತ್ತು. ಗುರುತಿನ ಚೀಟಿ ಇಲ್ಲದವರಿಗೆ, ಅದರಲ್ಲಿ ಕೈದಿಗಳನ್ನು ಹೆಸರಿಸಿಯೇ, ಕೇಂದ್ರ ಆರೋಗ್ಯ ಸಚಿವಾಲಯ 2021ರ ಮೇ 6ರಂದು ಕಾರ್ಯವಿಧಾನ ಹೊರಡಿಸಿತ್ತು. ಪ್ರಿಂಟ್ ತೆಗೆದು, ಬೇಕಾದ ಕಡೆ ಗೆರೆ ಎಳೆದು, ಕೇಳಿದವರಿಗೆಲ್ಲ ಕೊಟ್ಟೆ. ವಾದ ಮಾಡಬೇಕಾದ ಪ್ರಮೇಯವೇ ಬರಲಿಲ್ಲ.

ಎರಡು ಅಲೆಗಳಲ್ಲೂ ಸೇರಿ ನೂರರ ಆಸುಪಾಸು ಜನ ಈ ದಾರಿಯಲ್ಲಿ ಹೊರಬಂದರು. ಮಧ್ಯಂತರ ಜಾಮೀನಿನ ಸಂಖ್ಯೆಗೆ ಹೋಲಿಸಿದರೆ ಇದು ಸಣ್ಣದು, ಅದನ್ನು ಗೆಳೆಯರು ಆಗಾಗ ನೆನಪಿಸುತ್ತಿದ್ದರು. 2023ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್, ಸಮಿತಿಯ ಶಿಫಾರಸಿನ ಮೇಲೆ ಬಿಡುಗಡೆಯಾದ ಎಲ್ಲರೂ ಹದಿನೈದು ದಿನದಲ್ಲಿ ಶರಣಾಗಬೇಕು, ವಿಚಾರಣಾಧೀನರು ಆಮೇಲೆ ಬೇಕಾದರೆ ಬೇಲ್ ಕೇಳಲಿ ಎಂದಿತು. ಮೂರು ವರ್ಷದಲ್ಲಿ ಕೆಲಸ ಹಿಡಿದವರು, ಮದುವೆಯಾದವರು ಬ್ಯಾಗ್ ಹಿಡಿದು ವಾಪಸ್ ಗೇಟಿಗೆ. ನನ್ನ ಪಟ್ಟಿಯವರು ಒಬ್ಬರೂ ಹೋಗಬೇಕಾಗಲಿಲ್ಲ, ಅವರದ್ದು ಮಾಮೂಲಿ ಬೇಲ್. ಅವತ್ತು ಸಂಜೆ ಸೀನಿಯರ್ ಫೋನ್ ಮಾಡಿ, "ಆ ಒಂದು ಪುಟದ ನಮೂನೆ ಕಳಿಸಮ್ಮ" ಅಂದರು.

ಈಗ ಮಾಡುವವರಿಗೆ: ಕಲಂಗಳು ಬದಲಾಗಿವೆ, ಸಿಆರ್‌ಪಿಸಿ 440 ಈಗ ಅದರ ಬದಲು ಬಂದ ಬಿಎನ್‌ಎಸ್‌ಎಸ್ ಸಂಹಿತೆಯ 484, 445 ಈಗ 490. ಬೇಲ್ ಆಗಿ ಏಳು ದಿನದೊಳಗೆ ಹೊರಬರದಿದ್ದರೆ ಜೈಲು ಸೂಪರಿಂಟೆಂಡೆಂಟ್ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು 2023ರ ಜನವರಿ 31ರ ಸುಪ್ರೀಂ ಕೋರ್ಟ್ ಆದೇಶ ಇದೆ. ಬಡ ಕೈದಿಗಳ ಕೇಂದ್ರ ಯೋಜನೆಯಲ್ಲಿ ವಿಚಾರಣಾಧೀನರಿಗೆ ಹಣದ ನೆರವು ಸಿಗುತ್ತದೆ. ಗುಜರಿ ಅಂಗಡಿಯವರಿಗೆ ಫೋನ್ ಮಾಡುವ ಮುಂಚೆ ಆ ಫಾರಂ ತುಂಬಿ ನೋಡಿ.