ಬಾಕಿ ಸಂಬಳ, ಜನವರಿ ವಿಂಡೋ ಮತ್ತು ಒಂದು ರಿಲೀಸ್ ಲೆಟರ್: ನನ್ನ ಅನುಭವ

ನಾನು ಚಿಕ್ಕಮಗಳೂರಿನವನು. ಇಲ್ಲಿನ ಸುಭಾಷ್‌ಚಂದ್ರ ಬೋಸ್ ಮೈದಾನದಲ್ಲಿ ಫುಟ್‌ಬಾಲ್ ಆಡಿ ಬೆಳೆದೆ. ಬೆಂಗಳೂರಿನಲ್ಲಿ ಲೀಗ್ ಆಡಿದೆ. ಆಮೇಲೆ ಕೆಲವು ವರ್ಷ ಹೊರರಾಜ್ಯದ ಕ್ಲಬ್‌ಗಳಲ್ಲಿ ಲೆಫ್ಟ್ ಬ್ಯಾಕ್ (ಎಡಬದಿಯ ಡಿಫೆಂಡರ್) ಆಗಿ ಸಂಬಳಕ್ಕೆ ಆಡಿದೆ. ಈಗ ಊರಿಗೆ ಬಂದು ಮಕ್ಕಳಿಗೆ ಕೋಚಿಂಗ್ ಕೊಡುತ್ತಿದ್ದೇನೆ.

ನಮ್ಮ ಹುಡುಗರು ಬೆಂಗಳೂರು, ಗೋವಾ, ಕೇರಳ ಅಂತ ಟ್ರಯಲ್ಸ್‌ಗೆ ಹೋಗುವುದು ಈಗ ಜಾಸ್ತಿಯಾಗಿದೆ. ಟ್ರಯಲ್ಸ್‌ನಲ್ಲಿ ಹೇಗೆ ಆಡಬೇಕು ಅಂತ ಎಲ್ಲರೂ ಕೇಳುತ್ತಾರೆ. ಆಯ್ಕೆಯಾದ ಮೇಲೆ ಯಾವ ಕಾಗದಕ್ಕೆ ಸಹಿ ಹಾಕಬೇಕು, ಕ್ಲಬ್ ಬಿಡುವಾಗ ಏನು ಮಾಡಬೇಕು ಅಂತ ಕೇಳುವವರು ಕಮ್ಮಿ. ಚೆನ್ನಾಗಿ ಆಡುವ ಹುಡುಗರು ಈ ಕಾಗದದ ವಿಷಯದಲ್ಲೇ ಒಂದಿಡೀ ಸೀಸನ್ ಕಳೆದುಕೊಂಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅದಕ್ಕೇ ನಾನು ಒಂದು ಕ್ಲಬ್‌ನಿಂದ ಹೊರಬಂದ ಬಗೆಯನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ನೋಂದಣಿ ಅಂದರೇನು ಅಂತ ನೋಡೋಣ. ಒಕ್ಕೂಟದ ಲೀಗ್‌ಗಳಲ್ಲಿ ಆಡಬೇಕಾದರೆ ಆಟಗಾರ ಒಂದು ಕ್ಲಬ್‌ನ ಹೆಸರಲ್ಲಿ ನೋಂದಣಿ ಆಗಿರಬೇಕು. ಒಂದು ಹೊತ್ತಿಗೆ ಒಂದೇ ಕ್ಲಬ್. ನಮ್ಮ ದೇಶದಲ್ಲಿ ಇದು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟದ (ಎಐಎಫ್‌ಎಫ್) ಆನ್‌ಲೈನ್ ನೋಂದಣಿ ವ್ಯವಸ್ಥೆಯಲ್ಲಿ ನಡೆಯುತ್ತದೆ. ಆಟಗಾರರೆಲ್ಲ ಅದನ್ನು ಸಿಆರ್‌ಎಸ್ ಅಂತಲೇ ಕರೆಯುತ್ತಾರೆ. ಹಳೆಯ ಕ್ಲಬ್‌ನ ಹೆಸರು ಅಲ್ಲಿಂದ ಹೋಗುವ ತನಕ ಹೊಸ ಕ್ಲಬ್‌ನವರು ನಿಮ್ಮನ್ನು ಮೈದಾನಕ್ಕೆ ಇಳಿಸುವ ಹಾಗಿಲ್ಲ. ಅವರ ಜೊತೆ ಪ್ರಾಕ್ಟೀಸ್ ಮಾಡಬಹುದು, ಫೋಟೋ ತೆಗೆಸಿಕೊಳ್ಳಬಹುದು, ಆದರೆ ಲೀಗ್ ಪಂದ್ಯ ಆಡುವುದಕ್ಕೆ ಆಗುವುದಿಲ್ಲ.

ಹೊಸ ಕ್ಲಬ್ ಸೇರುವುದಕ್ಕೆ ವರ್ಷಕ್ಕೆ ಎರಡೇ ಅವಕಾಶ. ಸೀಸನ್ ಶುರುವಾಗುವ ಮುಂಚೆ ಒಂದು ವಿಂಡೋ, ಸೀಸನ್ ನಡುವೆ ಇನ್ನೊಂದು, ನಮ್ಮಲ್ಲಿ ಸಾಮಾನ್ಯವಾಗಿ ಜನವರಿಯಲ್ಲಿ. ಫಿಫಾ ನಿಯಮದಲ್ಲಿ ಇನ್ನೂ ಒಂದು ಕಟ್ಟು ಇದೆ. ಒಂದು ಸೀಸನ್‌ನಲ್ಲಿ ಮೂರು ಕ್ಲಬ್‌ಗಳಲ್ಲಿ ನೋಂದಣಿ ಆಗಬಹುದು, ಆದರೆ ಪಂದ್ಯ ಆಡುವುದು ಎರಡು ಕ್ಲಬ್‌ಗೆ ಮಾತ್ರ. ಆಗಸ್ಟ್‌ನಲ್ಲಿ ಒಂದು ಕ್ಲಬ್‌ಗೆ ಹತ್ತು ನಿಮಿಷ ಆಡಿ, ಜನವರಿಯಲ್ಲಿ ಇನ್ನೊಂದಕ್ಕೆ ಹತ್ತು ನಿಮಿಷ ಆಡಿದರೆ ಆ ವರ್ಷದ ಲೆಕ್ಕ ಮುಗಿಯಿತು. ಬದಲಿ ಆಟಗಾರನಾಗಿ ಇಳಿದ ಹತ್ತು ನಿಮಿಷವೂ ಲೆಕ್ಕಕ್ಕೆ ಬರುತ್ತದೆ ಅನ್ನೋದು ಎಷ್ಟೋ ಹುಡುಗರಿಗೆ ಗೊತ್ತೇ ಇರುವುದಿಲ್ಲ.

ಈಗ ನನ್ನ ವಿಷಯ. ಹೊರರಾಜ್ಯದ ಒಂದು ಕ್ಲಬ್‌ನಲ್ಲಿ ನನಗೆ ಎರಡು ಸೀಸನ್‌ಗೆ ಕರಾರು ಇತ್ತು. ಮೊದಲ ಸೀಸನ್ ಚೆನ್ನಾಗೇ ನಡೆಯಿತು. ಎರಡನೇ ಸೀಸನ್‌ನಲ್ಲಿ ಕೋಚ್ ಬದಲಾದರು, ನಾನು ಬೆಂಚಿಗೆ ಹೋದೆ. ಅದಾದರೂ ಆಟದ ಭಾಗ, ಸಹಿಸಿಕೊಳ್ಳಬಹುದು. ಅಕ್ಟೋಬರ್‌ನಿಂದ ಸಂಬಳವೂ ನಿಂತಿತು. ಕೇಳಿದರೆ "ಸೀಸನ್ ಮುಗಿಯಲಿ, ಎಲ್ಲಾ ಒಟ್ಟಿಗೆ ಕೊಡ್ತೀವಿ" ಅನ್ನುವ ಉತ್ತರ. ಡಿಸೆಂಬರ್ ಕೊನೆಗೆ ಬೇರೆ ಕ್ಲಬ್‌ನಿಂದ ಫೋನ್ ಬಂತು. ಅವರ ಲೆಫ್ಟ್ ಬ್ಯಾಕ್‌ಗೆ ಮೊಣಕಾಲು ಪೆಟ್ಟಾಗಿತ್ತು. "ರಿಲೀಸ್ ತಂದರೆ ನಾಳೆಯೇ ಸಹಿ" ಅಂದರು. ರಿಲೀಸ್ ಅಂದರೆ ಹಳೆಯ ಕ್ಲಬ್ ಕೊಡುವ ಬಿಡುಗಡೆ ಪತ್ರ. ನಮ್ಮ ಮ್ಯಾನೇಜರ್ ಬಳಿ ಹೋದರೆ, "ಬಾಕಿ ಸಂಬಳ ಬಿಟ್ಟುಕೊಡು, ರಿಲೀಸ್ ಕೊಡ್ತೀವಿ" ಅಂದರು.

ನನಗೆ ಆಗಲೇ ಮದುವೆಯಾಗಿತ್ತು, ಮನೆ ಬಾಡಿಗೆ ಕಟ್ಟಬೇಕಿತ್ತು. ಅಪ್ಪ ಕಾಫಿ ಕ್ಯೂರಿಂಗ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಫೋನಿನಲ್ಲಿ "ದುಡ್ಡು ಹೋದರೆ ಹೋಗಲಿ ಕಣೋ, ಗಂಟುಮೂಟೆ ಕಟ್ಟಿಕೊಂಡು ಊರಿಗೆ ಬಂದುಬಿಡು" ಅಂದರು. ನಾನು ಹೇಳಿದೆ: "ಈಗ ಬಂದುಬಿಟ್ಟರೆ ತಪ್ಪು ನನ್ನ ತಲೆ ಮೇಲೆ ಬರುತ್ತಪ್ಪಾ. ಊರಲ್ಲಿ ಕೂತಿದ್ದರೂ ನೋಂದಣಿ ಅವರ ಹತ್ತಿರವೇ ಇರುತ್ತೆ." ಕರಾರು ನಡೆಯುತ್ತಿರುವಾಗ ಹೇಳದೆ ಕೇಳದೆ ಕ್ಯಾಂಪ್ ಬಿಟ್ಟರೆ ಅದು ಕರಾರು ಮುರಿದ ಹಾಗೆ. 28 ವಯಸ್ಸಿಗೆ ಮುಂಚೆ ಸಹಿ ಹಾಕಿದ ಕರಾರಿಗೆ ಮೂರು ವರ್ಷ ಅಥವಾ ಮೂರು ಸೀಸನ್ ರಕ್ಷಣೆಯ ಅವಧಿ ಇರುತ್ತದೆ, ಆಮೇಲೆ ಹಾಕಿದ್ದಕ್ಕೆ ಎರಡು. ಆ ಅವಧಿಯೊಳಗೆ ಸರಿಯಾದ ಕಾರಣವಿಲ್ಲದೆ ಬಿಟ್ಟರೆ ಪರಿಹಾರ ಕಟ್ಟುವುದರ ಜೊತೆಗೆ ಆಟದಿಂದ ನಿಷೇಧವೂ ಬೀಳಬಹುದು.

ಸರಿಯಾದ ಕಾರಣ ಯಾವುದು? 2018ರಲ್ಲಿ ಫಿಫಾ ಇದನ್ನು ಸ್ಪಷ್ಟವಾಗಿ ಬರೆಯಿತು. ಕನಿಷ್ಠ ಎರಡು ತಿಂಗಳ ಸಂಬಳ ಬಾಕಿ ಇದ್ದು, ಆಟಗಾರ ಲಿಖಿತವಾಗಿ ನೋಟಿಸ್ ಕೊಟ್ಟು, ಕನಿಷ್ಠ 15 ದಿನ ಸಮಯ ಕೊಟ್ಟರೂ ಕ್ಲಬ್ ಪೂರ್ತಿ ಕೊಡದಿದ್ದರೆ ಆಟಗಾರ ಕರಾರು ಕೊನೆಗೊಳಿಸಬಹುದು. ನಮ್ಮ ತಂಡದಲ್ಲಿದ್ದ ಹಿರಿಯ ಗೋಲ್‌ಕೀಪರ್ ಅಣ್ಣನಿಗೆ ಇದೆಲ್ಲ ಬಾಯಿಪಾಠ. ಅವರನ್ನು ರೂಮಿನಲ್ಲಿ ಪಕ್ಕದಲ್ಲಿ ಕೂರಿಸಿಕೊಂಡೇ ನೋಟಿಸ್ ಬರೆದೆ.

ಅದರಲ್ಲಿ ಸಿಟ್ಟಿನ ಒಂದು ಮಾತೂ ಇರಲಿಲ್ಲ. ಕರಾರಿನ ತಾರೀಖು, ನನ್ನ ನೋಂದಣಿ ಐಡಿ, ಯಾವ ಯಾವ ತಿಂಗಳ ಸಂಬಳ ಎಷ್ಟು ಬಾಕಿ, ಈ ಪತ್ರ ತಲುಪಿದ 15 ದಿನದೊಳಗೆ ಈ ಖಾತೆಗೆ ಹಾಕಬೇಕು, ಇಲ್ಲದಿದ್ದರೆ ಕರಾರು ಕೊನೆಗೊಳಿಸುವ ಹಕ್ಕು ನನಗಿದೆ. ಇಷ್ಟೇ. ಜೊತೆಗೆ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟೆ. ಸೆಪ್ಟೆಂಬರ್ ಸಂಬಳ ಬಿದ್ದ ಸಾಲಿಗೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದೆ. ಅದರ ಕೆಳಗೆ ಕ್ಲಬ್ ಹೆಸರಿನ ಒಂದು ಸಾಲೂ ಇಲ್ಲ ಅನ್ನೋದು ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ಕ್ಲಬ್‌ನ ಅಧಿಕೃತ ಇಮೇಲ್‌ಗೆ ಕಳಿಸಿ, ರಾಜ್ಯ ಸಂಸ್ಥೆಗೂ ಒಕ್ಕೂಟಕ್ಕೂ ಪ್ರತಿ ಹಾಕಿದೆ. ಅದೇ ಪತ್ರವನ್ನು ಸ್ವೀಕೃತಿ ಚೀಟಿ ಸಮೇತ ರಿಜಿಸ್ಟರ್ ಪೋಸ್ಟ್‌ನಲ್ಲೂ ಹಾಕಿದೆ. ಮ್ಯಾನೇಜರ್‌ಗೆ ವಾಟ್ಸಾಪ್‌ನಲ್ಲಿ ಕೇಳಿದ್ದೆಲ್ಲ ಪೂರಕ ದಾಖಲೆ ಆಗಬಹುದು, ಅದನ್ನೇ ನೋಟಿಸ್ ಅಂದುಕೊಂಡು ಕೂರಬಾರದು.

ತಾರೀಖಿನ ಲೆಕ್ಕ ಇಲ್ಲಿ ತುಂಬಾ ಮುಖ್ಯ. ವಿಂಡೋ ಜನವರಿ ಕೊನೆಗೆ ಮುಚ್ಚುವುದಿತ್ತು. 15 ದಿನ ಮುಗಿದ ಮೇಲೂ ಹೊಸ ಕ್ಲಬ್‌ಗೆ ಕೆಲಸ ಮಾಡಲು ಸಮಯ ಉಳಿಯುವ ಹಾಗೆ ಹೊಸ ವರ್ಷದ ಮೊದಲ ವಾರದಲ್ಲೇ ಕಳಿಸಿದೆ. ಆ 15 ದಿನವೂ ಬೆಳಗಿನ ಪ್ರಾಕ್ಟೀಸ್ ಒಂದನ್ನೂ ತಪ್ಪಿಸಲಿಲ್ಲ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿದೆ, ಜಿಮ್‌ಗೆ ಹೋದೆ, ಟೀಮ್ ಮೀಟಿಂಗ್‌ನಲ್ಲಿ ಕೂತೆ. ಬೇರೆ ಆಟಗಾರರು "ಯಾಕೋ ಸುಮ್ನೆ ಓಡ್ತೀಯ" ಅಂದರು. ನಾನು ಕರಾರು ಪಾಲಿಸುತ್ತಿದ್ದೇನೆ, ಪಾಲಿಸದೇ ಇರುವುದು ಕ್ಲಬ್ ಅನ್ನೋದಕ್ಕೆ ಆ ಹಾಜರಿಯೇ ಸಾಕ್ಷಿ.

ಗಡುವು ಮುಗಿಯುವ ಮುಂಚೆಯೇ ಆಫೀಸಿನಿಂದ ಕರೆ ಬಂತು. ಅವರಿಗೂ ಲೆಕ್ಕ ಗೊತ್ತು. ಬಾಕಿ ಉಳಿಸಿಕೊಂಡ ಕ್ಲಬ್‌ಗೆ ಹೊಸ ಆಟಗಾರರನ್ನು ನೋಂದಾಯಿಸದಂತೆ ನಿಷೇಧ ಬೀಳಬಹುದು, ಕರಾರಿನ ಉಳಿದ ಅವಧಿಗೆ ಪರಿಹಾರವೂ ಕೊಡಬೇಕಾಗಬಹುದು. ಇದು ಬರೀ ಪುಸ್ತಕದ ಮಾತಲ್ಲ. 2021-22ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದ ಹೈದರಾಬಾದ್ ಎಫ್‌ಸಿ, 2023-24ರ ಹೊತ್ತಿಗೆ ಸಂಬಳ ಬಾಕಿ, ನೋಂದಣಿ ನಿಷೇಧಗಳಲ್ಲಿ ಸಿಕ್ಕಿಹಾಕಿಕೊಂಡು, ಆಟಗಾರರು ಒಬ್ಬೊಬ್ಬರೇ ಬಿಟ್ಟು ಹೋಗಿ, ಹುಡುಗರನ್ನು ಇಟ್ಟುಕೊಂಡು ಸೀಸನ್ ಮುಗಿಸಿತು.

ಮಾತುಕತೆಯಲ್ಲಿ ಇಬ್ಬರೂ ಒಪ್ಪಿ ಕರಾರು ಮುಗಿಸುವುದು ಅಂತ ಆಯಿತು. ಅದು ನನಗೂ ಒಳ್ಳೆಯದೇ ಆಗಿತ್ತು. ವಿಂಡೋ ಮುಚ್ಚುವ ಮುಂಚೆ ಇಬ್ಬರ ಒಪ್ಪಿಗೆಯಿಂದ ಕರಾರು ಮುಗಿದಿದ್ದರೆ, ಹೊಸ ಕ್ಲಬ್‌ನ ಕೆಲಸ ನಾಲ್ಕು ದಿನ ತಡವಾದರೂ ವಿಂಡೋ ಆಚೆ ನೋಂದಣಿ ಮಾಡಿಸಲು ದಾರಿ ಇರುತ್ತದೆ. ಪತ್ರದಲ್ಲಿ ಮೂರು ವಿಷಯ ಇರಲೇಬೇಕು ಅಂತ ಪಟ್ಟು ಹಿಡಿದೆ. ಕರಾರು ಮುಗಿದ ತಾರೀಖು. ನನ್ನ ಹೊಸ ಕ್ಲಬ್‌ನಿಂದ ಟ್ರಾನ್ಸ್‌ಫರ್ ಹಣ (ಆಟಗಾರನನ್ನು ಬಿಟ್ಟುಕೊಡಲು ಹಳೆಯ ಕ್ಲಬ್ ಕೇಳುವ ದುಡ್ಡು) ಕೇಳುವುದಿಲ್ಲ ಅನ್ನುವ ಮಾತು. ಬಾಕಿ ಎಷ್ಟು, ಯಾವ ತಾರೀಖಿನೊಳಗೆ ಎಷ್ಟು ಕಂತು. ಅವರು ಮೊದಲು ತಂದ ಪತ್ರದಲ್ಲಿ "ಆಟಗಾರನಿಗೆ ಯಾವುದೇ ಬಾಕಿ ಇರುವುದಿಲ್ಲ" ಅಂತ ಒಂದು ಸಾಲಿತ್ತು. ಕೊನೆಯ ಪ್ಯಾರಾದಲ್ಲಿ, ಸಹಿ ಜಾಗದ ಮೇಲೆ, ಚಿಕ್ಕ ಅಕ್ಷರದಲ್ಲಿ. ಅದನ್ನು ತೆಗೆಸಿ ಹೊಸದಾಗಿ ಪ್ರಿಂಟ್ ಹಾಕಿಸಿದ ಮೇಲೆಯೇ ಸಹಿ ಮಾಡಿದೆ.

ಲೆಟರ್‌ಹೆಡ್ ಕಾಗದ ಕೈಗೆ ಬಂದರೆ ಕೆಲಸ ಮುಗಿಯಲಿಲ್ಲ. ಆನ್‌ಲೈನ್‌ನಲ್ಲಿ ಅವರು ನನ್ನ ಹೆಸರನ್ನು ಬಿಡುಗಡೆ ಮಾಡಬೇಕು. "ಸಂಜೆ ಮಾಡ್ತೀವಿ" ಅಂದರು. ನಾನು ಆಫೀಸಿನ ಹುಡುಗನ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತೆ. ಅವನು ಲಾಗಿನ್ ಆಗಿ, ನನ್ನ ಹೆಸರು ಹುಡುಕಿ, ಪತ್ರ ಅಪ್‌ಲೋಡ್ ಮಾಡಿ ಮುಗಿಸಿದ ಮೇಲೆ ಪರದೆಯ ಫೋಟೋ ತೆಗೆದುಕೊಂಡು ಎದ್ದೆ. ಹೊಸ ಕ್ಲಬ್ ಎರಡು ದಿನದಲ್ಲಿ ನೋಂದಣಿ ಮುಗಿಸಿತು. ಹಳೆಯ ಕ್ಲಬ್‌ನ ಮೊದಲ ಕಂತು ಹೇಳಿದ ದಿನ ಬಂತು. ಎರಡನೆಯದಕ್ಕೆ ಮತ್ತೆ ಇಮೇಲ್ ಹಾಕಬೇಕಾಯಿತು, ಆದರೂ ಬಂತು.

ಕರಾರಿನ ಅವಧಿ ತಾನಾಗಿ ಮುಗಿದಿದ್ದರೆ ಇಷ್ಟೆಲ್ಲ ಬೇಕಾಗುತ್ತಿರಲಿಲ್ಲ. ಆ ಸ್ವಾತಂತ್ರ್ಯವನ್ನು ಗಳಿಸಿಕೊಟ್ಟವರಲ್ಲಿ ದೊಡ್ಡ ಹೆಸರು ಬೆಲ್ಜಿಯಂನ ಜಾನ್-ಮಾರ್ಕ್ ಬೋಸ್ಮನ್. 1990ರಲ್ಲಿ ಲೀಜ್ ಕ್ಲಬ್ ಜೊತೆಗಿನ ಅವರ ಕರಾರು ಮುಗಿದಿತ್ತು. ಆದರೂ ಫ್ರಾನ್ಸಿನ ಡಂಕರ್ಕ್‌ಗೆ ಹೋಗಲು ಟ್ರಾನ್ಸ್‌ಫರ್ ಹಣದ ವಿಷಯ ಅಡ್ಡ ಬಂತು. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವರ ಪರವಾಗಿ ತೀರ್ಪು ಕೊಟ್ಟಿತು. ಅಷ್ಟರಲ್ಲಿ ಅವರ ಆಟದ ಒಳ್ಳೆಯ ವರ್ಷಗಳು ಕೋರ್ಟಿನಲ್ಲೇ ಕಳೆದುಹೋಗಿದ್ದವು. ಇವತ್ತು ಕರಾರಿನ ಕೊನೆಯ ಆರು ತಿಂಗಳಲ್ಲಿ ನಾವು ಬೇರೆ ಕ್ಲಬ್ ಜೊತೆ ಧೈರ್ಯವಾಗಿ ಮಾತಾಡುತ್ತೇವಲ್ಲ, ಆಗ ನನಗೆ ಅವರ ನೆನಪಾಗುತ್ತದೆ.

ಹುಡುಗರು ಅನ್ವರ್ ಅಲಿ ವಿಷಯ ತುಂಬಾ ಕೇಳುತ್ತಾರೆ. ದೆಹಲಿ ಎಫ್‌ಸಿಯಿಂದ ಲೋನ್ ಮೇಲೆ (ಅಂದರೆ ಒಂದಷ್ಟು ಕಾಲಕ್ಕೆ ಎರವಲಾಗಿ) ಮೋಹನ್ ಬಾಗಾನ್‌ನಲ್ಲಿ ಆಡುತ್ತಿದ್ದ ಡಿಫೆಂಡರ್, 2024ರಲ್ಲಿ ಆ ಕರಾರು ಮುರಿದು ಈಸ್ಟ್ ಬೆಂಗಾಲ್ ಸೇರಿದರು. ಸೆಪ್ಟೆಂಬರ್‌ನಲ್ಲಿ ಎಐಎಫ್‌ಎಫ್ ಸಮಿತಿ ಅವರಿಗೆ ನಾಲ್ಕು ತಿಂಗಳ ನಿಷೇಧ ಹಾಕಿತು, ಅವರೂ ದೆಹಲಿ ಎಫ್‌ಸಿ, ಈಸ್ಟ್ ಬೆಂಗಾಲ್ ಕ್ಲಬ್‌ಗಳೂ ಸೇರಿ ಮೋಹನ್ ಬಾಗಾನ್‌ಗೆ 12.90 ಕೋಟಿ ರೂಪಾಯಿ ಪರಿಹಾರ ಕೊಡಬೇಕು ಅಂತು. ವಿಷಯ ದೆಹಲಿ ಹೈಕೋರ್ಟ್‌ಗೆ ಹೋಯಿತು, ಒಕ್ಕೂಟ ಆದೇಶ ಹಿಂತೆಗೆದುಕೊಂಡು ಮತ್ತೆ ವಿಚಾರಣೆಗೆ ಒಪ್ಪಿತು. ಯಾರು ಸರಿ ಅನ್ನೋ ವಾದಕ್ಕೆ ನಾನು ಹೋಗುವುದಿಲ್ಲ. ಲೋನ್ ಕೂಡ ಒಂದು ಕರಾರೇ, ಅದಕ್ಕೂ ಕೊನೆಯ ತಾರೀಖು ಇದೆ ಅನ್ನೋದನ್ನು ಮಾತ್ರ ಹುಡುಗರಿಗೆ ಒತ್ತಿ ಹೇಳುತ್ತೇನೆ.

ಈಗ ನಮ್ಮೂರ ಮಕ್ಕಳ ವಿಷಯಕ್ಕೆ ಬರುತ್ತೇನೆ. ನನಗೆ ಹೆಚ್ಚು ಚಿಂತೆ ಇರುವುದು ಇಲ್ಲೇ. ಮೂಡಿಗೆರೆ ಕಡೆಯ ಎಸ್ಟೇಟ್ ರೈಟರ್ ಒಬ್ಬರ ಮಗ ಹದಿನೈದರಲ್ಲೇ ದೂರದ ಒಂದು ಅಕಾಡೆಮಿಗೆ ಆಯ್ಕೆಯಾದ. ತಂದೆ ಕರಾರು ಹಿಡಿದು ಬಂದು "ಸಾರ್, ಐದು ವರ್ಷ ಅಂತ ಇದೆ, ಒಳ್ಳೇದೇ ಅಲ್ವಾ?" ಅಂದರು. ದೊಡ್ಡವರ ಕರಾರಿಗೆ ಐದು ವರ್ಷ ಮಿತಿ. 18 ತುಂಬದವರು ಮೂರು ವರ್ಷಕ್ಕಿಂತ ಉದ್ದದ ವೃತ್ತಿಪರ ಕರಾರಿಗೆ ಸಹಿ ಹಾಕುವಂತಿಲ್ಲ. ಅದಕ್ಕಿಂತ ಉದ್ದ ಇದ್ದರೂ ಆ ಭಾಗವನ್ನು ಮಾನ್ಯ ಮಾಡುವುದಿಲ್ಲ. ನಾನೇ ಅಕಾಡೆಮಿಗೆ ಫೋನ್ ಮಾಡಿ ಆ ನಿಯಮ ಓದಿ ಹೇಳಿದೆ. ತಿದ್ದಿ ಕಳಿಸಿದರು. ಹುಡುಗ ಈಗ ಅಲ್ಲೇ ಇದ್ದಾನೆ, ಚೆನ್ನಾಗಿ ಆಡುತ್ತಿದ್ದಾನೆ.

ಇನ್ನೊಂದು ವಿಷಯ ನಮ್ಮಂಥ ಊರಿನ ಕ್ಲಬ್‌ಗಳದ್ದು. ಆಟಗಾರನ ದಾಖಲೆ ಅವನ ಹನ್ನೆರಡನೇ ಹುಟ್ಟುಹಬ್ಬದ ವರ್ಷದಿಂದ ಲೆಕ್ಕಕ್ಕೆ ಬರುತ್ತದೆ. ಮುಂದೆ ಅವನನ್ನು ವಿದೇಶದ ಕ್ಲಬ್ ಹಣ ಕೊಟ್ಟು ಕೊಂಡರೆ, ಆ ಹಣದ 5 ಶೇಕಡಾ ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗಬೇಕು. 12ರಿಂದ 15ರ ವಯಸ್ಸಿನ ಪ್ರತಿ ವರ್ಷಕ್ಕೆ 0.25 ಶೇಕಡಾ, 16ರಿಂದ 23ರ ಪ್ರತಿ ವರ್ಷಕ್ಕೆ 0.5. ಒಂದು ಕೋಟಿಗೆ ಹೋದ ಹುಡುಗನನ್ನು ನಾವು 12ರಿಂದ 15ರ ತನಕ ಬೆಳೆಸಿದ್ದರೆ ನಮಗೆ ಬರುವುದು ಒಂದು ಲಕ್ಷ. ನಮ್ಮ ಮೈದಾನಕ್ಕೆ ಅದು ಒಂದು ವರ್ಷದ ಚೆಂಡು, ಬಲೆ, ಬಸ್ ಚಾರ್ಜು. 2022ರಿಂದ ಈ ಹಣ ಹಂಚಲು ಫಿಫಾ ಪ್ಯಾರಿಸ್‌ನಲ್ಲಿ ಕ್ಲಿಯರಿಂಗ್ ಹೌಸ್ ಅಂತ ನಡೆಸುತ್ತಿದೆ. ಆದರೆ ಅಲ್ಲಿ ನೋಡುವುದು ನೋಂದಣಿ ದಾಖಲೆಯನ್ನು. ಆ ವರ್ಷಗಳಲ್ಲಿ ಹುಡುಗ ನಮ್ಮ ಕ್ಲಬ್ ಹೆಸರಲ್ಲಿ ನೋಂದಣಿಯೇ ಆಗಿರದಿದ್ದರೆ, ಮಳೆಯಲ್ಲಿ ನೆನೆದು ಅವನಿಗೆ ಕ್ರಾಸ್ ಹಾಕಲು ಕಲಿಸಿದ್ದು ನಾವೇ ಅಂದರೆ ಯಾರೂ ಕೇಳುವುದಿಲ್ಲ.

ಹಾಗಾಗಿ ಹನ್ನೆರಡರ ಅಂಚಿಗೆ ಬಂದ ಮಕ್ಕಳ ನೋಂದಣಿ ನಾನೇ ಕೂತು ಮಾಡಿಸುತ್ತೇನೆ. ಹೆಚ್ಚು ಸಮಯ ತಿನ್ನುವುದು ಹೆಸರು. ಜನನ ಪ್ರಮಾಣಪತ್ರದಲ್ಲಿ ಮಗುವಿನ ಹೆಸರೊಂದೇ ಇರುತ್ತದೆ, ಆಧಾರ್‌ನಲ್ಲಿ ಇನಿಷಿಯಲ್ ಇರುತ್ತದೆ, ಶಾಲೆಯಲ್ಲಿ ಅಪ್ಪನ ಹೆಸರು ಪೂರ್ತಿ ಸೇರಿರುತ್ತದೆ. ಎಸ್ಟೇಟ್ ಕೆಲಸಗಾರರ ಲೈನ್ ಮನೆಗಳಲ್ಲಿ ಹುಟ್ಟಿದ ಕೆಲವು ಮಕ್ಕಳ ಜನನ ನೋಂದಣಿ ಎಷ್ಟೋ ವರ್ಷ ತಡವಾಗಿ ಆಗಿರುತ್ತದೆ. ವಯಸ್ಸಿನ ವಿಷಯದಲ್ಲಿ ಅಂಥ ಪತ್ರಕ್ಕೆ ಪ್ರಶ್ನೆಗಳು ಜಾಸ್ತಿ. ಕಾಫಿ ಕೊಯ್ಲಿನ ಹೊತ್ತಲ್ಲಿ ತಂದೆತಾಯಿಗೆ ಒಂದು ದಿನ ರಜೆ ಸಿಗುವುದೂ ಕಷ್ಟ, ಅದಕ್ಕೆ ತಿದ್ದುಪಡಿ ಕೆಲಸವನ್ನೆಲ್ಲ ಮಳೆಗಾಲದಲ್ಲೇ ಮುಗಿಸುವಂತೆ ಹೇಳುತ್ತೇನೆ.

ಪ್ರತಿ ಹುಡುಗನಿಗೂ ಒಂದು ಪ್ಲಾಸ್ಟಿಕ್ ಫೈಲ್ ಮಾಡಿಸಿದ್ದೇನೆ. ಐಡಿ ನಂಬರ್, ಜನನ ಪತ್ರ, ಸಹಿ ಹಾಕಿದ ಪ್ರತಿಯೊಂದು ಕಾಗದದ ನಕಲು ಅದರಲ್ಲಿ ಇರಬೇಕು, ಫೈಲ್ ಅವರ ಮನೆಯಲ್ಲೇ ಇರಬೇಕು. ಸಂಬಳಕ್ಕೆ ಆಡಿ ಊರಿಗೆ ಮರಳಿದವರಿಗೂ ಒಂದು ಮಾತು: ವೃತ್ತಿಪರನಾಗಿ ಆಡಿದ ಕೊನೆಯ ಪಂದ್ಯದಿಂದ 30 ದಿನ ಕಳೆಯುವ ತನಕ ಅಮೆಚೂರ್ (ಸಂಬಳವಿಲ್ಲದೆ ಆಡುವ ಆಟಗಾರ) ಆಗಿ ನೋಂದಣಿ ಆಗುವುದಿಲ್ಲ, ಜಿಲ್ಲಾ ಲೀಗ್‌ಗೆ ಹೆಸರು ಕೊಡುವ ಮುಂಚೆ ತಾರೀಖು ನೋಡಿಕೊಳ್ಳಿ. ನಾನು ಕಳಿಸಿದ ನೋಟಿಸಿನ ಮಾದರಿ ನನ್ನ ಹತ್ತಿರ ಇದೆ. ಕಡೂರು, ತರೀಕೆರೆ, ಕೊಪ್ಪ, ಎಲ್ಲಿಯವರಾದರೂ ಸರಿ, ಭಾನುವಾರ ಬೆಳಗ್ಗೆ ಮೈದಾನಕ್ಕೆ ಬಂದರೆ ಪ್ರತಿ ಕೊಡುತ್ತೇನೆ, ನಿಮ್ಮ ಕರಾರನ್ನು ಜೊತೆಗೆ ಕೂತು ಓದುತ್ತೇನೆ.